ಕುಂಚಿಗೆಯ ಅಸ್ತರ

ನಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಎರಡು ಮನೆಗಳ ನಡುವಿನ ಗಿಡ್ಡ ಗೋಡೆ ಕಾಣುತ್ತಿತ್ತು. ಆ ಗೋಡೆಯ ಮೇಲಂಚಿನಲ್ಲಿ ಎರಡು ಪುಟ್ಟ ಕಿವಿಗಳು ತಾವೇ ನಡೆದಂತೆ ಹೋಗುತ್ತಿದ್ದವು. ಕೇಸರಿ ಬಣ್ಣದ ಮೆತ್ತನೆಯ ಟೋಪಿಯ ಕಿವಿಗಳು, ಅದರಲ್ಲಿ ಎಡಗಡೆಯದು ಸ್ವಲ್ಪ ಬಾಗಿತ್ತು. ಕೆಳಗಿನ ಮಗು ಗೋಡೆಯಾಚೆ ಮರೆಯಾಗಿರುತ್ತಿತ್ತು. ಕಿವಿಗಳು ಹಿತ್ತಿಲ ತನಕ ಹೋಗಿ, ಅಲ್ಲಿ ಏನನ್ನೋ ನೋಡುತ್ತ ನಿಂತು, ಮತ್ತೆ ಬಾಗಿಲ ಕಡೆ ಬರುತ್ತಿದ್ದವು. ಕಂಡವರೆಲ್ಲ ನಗುತ್ತಿದ್ದರು. ನಾನು ಮಾತ್ರ ಒಗ್ಗರಣೆಯ ನೆಪದಲ್ಲಿ ಮುಖ ತಿರುಗಿಸುತ್ತಿದ್ದೆ. ಆ ಕುಂಚಿಗೆಯನ್ನು ಹೊಲಿದವಳು ನಾನು. ಅದರ ಒಳಗಿನ ಬಟ್ಟೆ ಎಂಥದೆಂದು ನನಗೊಬ್ಬಳಿಗೇ ಗೊತ್ತಿತ್ತು.

ಕುಂಚಿಗೆಯೆಂದರೆ ಕೂಸಿನ ಹೊದಿಕೆ. ತಲೆಗೆ ಟೋಪಿ, ಆ ಟೋಪಿಗೇ ಕೂಡಿಕೊಂಡು ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ನಮ್ಮ ಓಣಿಯ ಅರ್ಧ ಕೂಸುಗಳ ಕುಂಚಿಗೆ ನನ್ನ ಹೊಲಿಗೆ ಮಷಿನ್ನಿನಿಂದಲೇ ಇಳಿದವು. ಹೊಲಿಗೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಮೊದಲಿನಿಂದಲೂ ನನ್ನದು ಜೋರು ಬಾಯಿ. ಅಂಥ ಬಾಯಿ ಇಪ್ಪತ್ತೆರಡು ವರ್ಷ ಒಂದೇ ಒಂದು ಮಾತನ್ನು ಕಚ್ಚಿ ಹಿಡಿದುಕೊಂಡು ಹೇಗೆ ಕೂತಿತೋ! ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ.

ದಾಕ್ಷಾಯಣಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅವಳ ಸಂಸಾರ ಗೋಡೆಯಾಚೆ, ನಮ್ಮದು ಈಚೆ. ನನ್ನ ಮಡಿಲಲ್ಲಿ ಆಗಲೇ ಮಗಳು ಹೇಮಾ ಮತ್ತು ಅವಳ ಇಬ್ಬರು ತಮ್ಮಂದಿರು ಇದ್ದರು. ದಾಕ್ಷಾಯಣಿಗೆ ಎರಡು ಹೆರಿಗೆಯಾಗಿ ಎರಡೂ ಉಳಿದಿರಲಿಲ್ಲ. ಮೊದಲನೆಯದು ಅಳಲೇ ಇಲ್ಲ. ಎರಡನೆಯದು ಒಂಬತ್ತು ದಿನ ಇದ್ದು ಹೋಯಿತು. ಮೂರನೆಯ ಸಲ ಬಸಿರಾದಾಗ ನಮ್ಮ ಅತ್ತೆ ಇಬ್ಬರನ್ನೂ ಕೂರಿಸಿಕೊಂಡು ಅಪ್ಪಣೆ ಮಾಡಿದರು.

“ಈ ಸಲ ಕೂಸಿನ ಮೈಗೆ ಹೊಸಾ ಬಟ್ಟಿ ಮುಟ್ಟಸಬ್ಯಾಡ್ರಿ. ಬ್ಯಾರೆ ಮನಿಯಿಂದ ಬೇಡಿ ತಂದ ಬಟ್ಟಿ ಆಗಬೇಕು. ಅದೂ ಮಕ್ಕಳೊಂದಿಗಿ ಉಟ್ಟ ಸೀರಿ. ಸ್ವಂತ ಮನೀದು, ತವರಮನೀದು ಲೆಕ್ಕಕ್ಕ ಬರೂದಿಲ್ಲ.”

ಮಕ್ಕಳೊಂದಿಗಿ ಎಂದರೆ ಮಕ್ಕಳೆಲ್ಲ ಬದುಕಿ ಬಾಳುತ್ತಿರುವ ತಾಯಿ. ಮರುದಿನವೇ ದಾಕ್ಷಾಯಣಿ ನಮ್ಮ ಮನೆಗೆ ಬಂದಳು. ಗಂಡ ತಂದುಕೊಟ್ಟ ಕೇಸರಿ ಬಣ್ಣದ, ಉಣ್ಣೆಯಂತೆ ಮೆತ್ತಗಿನ ಫ್ಲೀಸ್ ಬಟ್ಟೆ ಬಗಲಲ್ಲಿತ್ತು. ಅದನ್ನು ನನ್ನ ಮಷಿನ್ನಿನ ಮೇಲಿಟ್ಟು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಉಡಿ ಒಡ್ಡಿದಳು.

“ಅಕ್ಕಾ, ಮ್ಯಾಲಿಂದು ಇದರಾಗ ಹೊಲೀರಿ. ಒಳಗ ಅಸ್ತರಕ್ಕ ನಿಮ್ಮ ಆ ಹಸರ ಸೀರಿ ತುಣುಕ ಹಾಕ್ರಿ. ಹೇಮಾಗ ತೂಗಾಕ ಜೋಳಿಗಿ ಕಟ್ಟತಿದ್ರೆಲ್ಲ, ಅದು. ಬೇಡಾಕ ಬಂದೀನ್ರಿ, ಇಲ್ಲ ಅನಬ್ಯಾಡ್ರಿ.”

“ಅಯ್ಯ, ಅದೇನ ದೊಡ್ಡ ಮಾತ ಹಚ್ಚೀದಿ ಹುಚ್ಚಿ! ತುಣುಕ ಯಾಕ, ಇಡೀ ಸೀರಿ ಹಾಕತೀನಿ ತಗೋ,” ಎಂದೆ. ಅನ್ನುವುದೇನು, ಅಂದುಬಿಟ್ಟೆ.

ಆ ವಾರ ನನ್ನ ಕಿರಿಯ ಮಗ ಹನ್ನೊಂದು ದಿನದ ಜ್ವರದಿಂದ ಎದ್ದು ಗಂಜಿ ಕುಡಿಯಲು ಶುರುಮಾಡಿದ್ದ. ಕೈಕಾಲು ಕಡ್ಡಿಯಾಗಿದ್ದವು. ಪೆಟ್ಟಿಗೆ ತೆಗೆದು ಹಸಿರು ಸೀರೆಯನ್ನು ಹೊರಗಿಟ್ಟೆ, ಕತ್ತರಿಯನ್ನೂ ತೆಗೆದುಕೊಂಡೆ. ಆಗ ಓಣಿಯ ಹೆಂಗಸರು ಆಡುತ್ತಿದ್ದ ಮಾತು ನೆನಪಾಯಿತು. ಮಕ್ಕಳೊಂದಿಗಿಯ ಬಟ್ಟೆ ಹೊಸಿಲು ದಾಟಿದರೆ ಅವಳ ಮಕ್ಕಳ ಆಯುಷ್ಯದಲ್ಲೂ ಒಂದು ಪಾಲು ಅದರ ಜೊತೆ ದಾಟುತ್ತದಂತೆ. ಬೇರೆಯವರು ಹಾಗೆ ಹೇಳಿದಾಗ, “ನಿಮ್ಮ ತಲಿ, ಸುಮ್ನಿರ್ರಿ” ಎಂದು ಗದರಿದವಳು ನಾನೇ. ಒಳಗೆ ಹುಡುಗ ಕೆಮ್ಮಿದ. ಸೀರೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ತಳ್ಳಿದೆ.

ಆಗಲೇ ಗೋಡೆಯಾಚೆ ಹೋಗಿ, “ನನಗ ಅಂಜಿಕಿ ಆಗೇತಿ, ಬ್ಯಾರೆ ಯಾರನ್ನಾರ ಕೇಳು” ಎಂದಿದ್ದರೆ ಮುಗಿಯುತ್ತಿತ್ತು. ಅವಳು ಎರಡು ದಿನ ಬೇಸರ ಮಾಡಿಕೊಳ್ಳುತ್ತಿದ್ದಳು, ಅಷ್ಟೇ. ಆದರೆ ಇಡೀ ಸೀರೆ ಕೊಡುತ್ತೇನೆಂದ ಬಾಯಲ್ಲಿ ಅಂಜಿಕೆಯ ಮಾತು ಬರಬೇಕಲ್ಲ? ಪೇಟೆಗೆ ಹೋಗಿ ಅದೇ ಹಸಿರಿನ ಒಂದು ಕಟ್‌ಪೀಸ್ ತಂದೆ. ಗಂಜಿ ಹೋಗುವಂತೆ ಸೋಡಾ ನೀರಲ್ಲಿ ಕುದಿಸಿದೆ. ಒಗೆಯುವ ಕಲ್ಲಿಗೆ ಹಾಕಿ ತಿಕ್ಕಿದೆ. ಮೂರು ಮಧ್ಯಾಹ್ನ ಉರಿಬಿಸಿಲಿಗೆ ಹರವಿ ಬಣ್ಣ ಕಂದಿಸಿದೆ. ಸಾಲದೆಂದು ಒಂದು ಮೂಲೆಗೆ ಅರಿಸಿನದ ಕಲೆ ಹಚ್ಚಿದೆ, ಬಾಣಂತಿಯ ಕೈ ತಾಗಿದ ಹಾಗೆ. ಹಳೆಯ ಸೀರೆಯಿಂದ ಒಂದು ತುಣುಕು ಕತ್ತರಿಸಲು ಅರೆಗಳಿಗೆ ಸಾಕಿತ್ತು. ಈ ಮೋಸಕ್ಕೆ ನಾಲ್ಕು ದಿನ ದುಡಿದೆ ನೋಡಿ.

ಕುಂಚಿಗೆ ಮಾತ್ರ ಬಲು ಚಂದ ಬಂತು. ಫ್ಲೀಸ್ ಹೊಲಿಯುವುದು ಸುಲಭದ ಕೆಲಸವಲ್ಲ. ಆ ಬಟ್ಟೆಗೆ ರೋಮದ ಮುಖವಿರುತ್ತದೆ. ಒಂದು ಕಡೆಗೆ ಸವರಿದರೆ ನುಣ್ಣಗೆ ಮಲಗುತ್ತದೆ, ಎದುರು ಸವರಿದರೆ ಏಳುತ್ತದೆ. ಟೋಪಿಯ ತುಂಡೂ ಬೆನ್ನಿನ ತುಂಡೂ ಒಂದೇ ಮುಖಕ್ಕೆ ಕತ್ತರಿಸದಿದ್ದರೆ ಎರಡೂ ಎರಡು ಬಣ್ಣವಾಗಿ ಕಾಣುತ್ತವೆ. ಮೇಲೆ ಇಸ್ತ್ರಿ ಇಟ್ಟರೆ ಕರಗಿಹೋಗುತ್ತದೆ. ದಪ್ಪ ಸೂಜಿ ಹಾಕಿ, ಹೊಲಿಗೆಯ ಟಾಕು ಉದ್ದ ಮಾಡಿ, ಕೈಯಿಂದ ಮೆಲ್ಲಗೆ ನಡೆಸಿಕೊಂಡು ಹೊಲಿದೆ. ಕೂಸು ನಡೆದಾಡುವ ತನಕ ಆಗಲೆಂದು ದೊಡ್ಡದಾಗಿಯೇ ಕತ್ತರಿಸಿದ್ದೆ. ಯಾರೂ ಕೇಳದೆಯೇ ಟೋಪಿಗೆ ಎರಡು ಕಿವಿ ಹಚ್ಚಿದೆ. ಒಳಗಿನ ಅಸ್ತರ ಸುಳ್ಳಾದ್ದರಿಂದಲೋ ಏನೋ, ಹೊರಗೆ ಮಾಡಿದ್ದು ಸಾಕೆನಿಸಲೇ ಇಲ್ಲ.

ದಾಕ್ಷಾಯಣಿ ಅದನ್ನು ಕೈಗೆ ತೆಗೆದುಕೊಂಡವಳು ಕಿವಿಗಳನ್ನು ನೋಡಲಿಲ್ಲ. ಒಳಗೆ ಕೈ ಹಾಕಿ ಅಸ್ತರ ಸವರಿದಳು, ಮೂಸಿ ನೋಡಿದಳು. “ಹಳೇ ಸೀರಿ ವಾಸನಿನಽ ಬ್ಯಾರೆ ನೋಡ್ರಿ ಅಕ್ಕಾ,” ಎಂದು ಕಣ್ಣೊರೆಸಿಕೊಂಡಳು.

ಹೆಣ್ಣು ಹುಟ್ಟಿತು. ಒಂಬತ್ತನೆಯ ದಿನ ನನಗೆ ಅನ್ನ ಇಳಿಯಲಿಲ್ಲ. ಗೋಡೆಯಾಚೆಯಿಂದ ಕೂಸಿನ ಅಳು ಕೇಳುವ ತನಕ ಅಡಿಗೆಮನೆಯಲ್ಲೇ ನಿಂತಿದ್ದೆ. ಆ ದಿನ ನಾನು ಬೇಡಿಕೊಂಡಷ್ಟು ಅದರ ತಾಯಿಯೂ ಬೇಡಿಕೊಂಡಿರಲಿಕ್ಕಿಲ್ಲ. ಏನಾದರೂ ಆಗಿದ್ದರೆ ಕೊಂದವಳು ನಾನೇ ಎಂದು ಬದುಕಬೇಕಿತ್ತು. ಆದರೆ ಕೂಸು ಹತ್ತು ದಿನ ದಾಟಿತು, ತಿಂಗಳು ದಾಟಿತು, ವರ್ಷ ದಾಟಿತು. ದೃಷ್ಟಿ ತಾಗದಿರಲೆಂದು ಮನೆಯಲ್ಲಿ ತಿಪ್ಪವ್ವ ಎಂದು ಕರೆದರು, ಶಾಲೆಗೆ ಸುಮಂಗಲಾ ಎಂದು ಬರೆಸಿದರು.

ನನ್ನ ನಿಜವಾದ ಶಿಕ್ಷೆ ಆಮೇಲೆ ಶುರುವಾಯಿತು. ತಿಪ್ಪವ್ವನ ಪ್ರತಿ ಹುಟ್ಟುಹಬ್ಬಕ್ಕೆ ಬೆಳಗಾಗುತ್ತಲೇ ಗೋಡೆಯ ಮೇಲೆ ಆ ಎರಡು ಕಿವಿಗಳು ಕಾಣಿಸುತ್ತಿದ್ದವು. ಅವು ನಮ್ಮ ಬಾಗಿಲ ಕಡೆ ತಿರುಗುವುದನ್ನು ನೋಡಿದರೆ ನನಗೆ ಎಲ್ಲಿಯಾದರೂ ಓಡಿಹೋಗೋಣ ಎನಿಸುತ್ತಿತ್ತು. ದಾಕ್ಷಾಯಣಿ ಮೊದಲು ತಾನು ನನ್ನ ಕಾಲು ಮುಟ್ಟುವಳು, ಆಮೇಲೆ ಮಗಳ ತಲೆಯನ್ನು ನನ್ನ ಪಾದಕ್ಕೆ ತಾಗಿಸುವಳು. “ನಿನ್ನ ಹಡದಾಕಿ ನಾ ಇರಬಹುದು. ಉಳಿಸಿಕೊಂಡಾಕಿ ನಿಮ್ಮ ದೊಡ್ಡವ್ವ,” ಎನ್ನುವಳು. ಐದನೆಯ ವರ್ಷ ಹೇಳಿಯೇಬಿಡೋಣವೆಂದು ಬಾಯಿ ತೆರೆದೆ. ಅವಳು ಅದೇ ಬಾಯಿಗೆ ಒಂದು ತುಂಡು ಹೋಳಿಗೆ ಇಟ್ಟಳು. ಅಗಿದು ನುಂಗಿದೆ.

ಕುಂಚಿಗೆ ಹರಿದ ಮೇಲೂ ಅವಳು ಕಾಲು ಮುಟ್ಟುವುದು ತಪ್ಪಲಿಲ್ಲ. ಅಸ್ತರವನ್ನು ಬಿಚ್ಚಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆಂದು ಕೇಳಿದೆ. ಅವಳಿಗೆ ಬೇರೆ ಮಕ್ಕಳಾಗಲಿಲ್ಲ. ತಿಪ್ಪವ್ವನೊಬ್ಬಳೇ. ಅವಳೀಗ ಕಾಲೇಜು ಮುಗಿಸಿ ಟೀಚರ್ ಆಗಿದ್ದಾಳೆ.

ಇಷ್ಟರಲ್ಲಿ ನನ್ನ ಹೇಮಾಳಿಗೆ ಮದುವೆಯಾಗಿ, ಎರಡು ಬಸಿರು ನಿಲ್ಲದೆ ಹೋದವು. ಮೂರನೆಯದು ನಿಂತಿತು. ಏಳನೆಯ ತಿಂಗಳಲ್ಲಿ ಕರೆದುಕೊಂಡು ಬಂದೆವು. ನಾನು ತಿಳಿಹಳದಿ ಫ್ಲೀಸ್ ತಂದು ಕುಂಚಿಗೆ ಕತ್ತರಿಸಿದೆ. ಒಂದು ಮಧ್ಯಾಹ್ನ ಹೇಮಾ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಡುತ್ತಿದ್ದಾಗ ದಾಕ್ಷಾಯಣಿ ಬಂದಳು. ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ ಹತ್ತಿ ಸೀರೆ ಉಟ್ಟಿದ್ದಳು. ಅದರ ಗಂಜಿಯ ಸಪ್ಪಳ ಇನ್ನೂ ಹೋಗಿರಲಿಲ್ಲ. ಕೈಯಲ್ಲಿ ಒಂದು ಹಸಿರು ಬಟ್ಟೆಯ ಮಡಿಕೆ.

“ತಗೋರಿ ಅಕ್ಕಾ, ನಿಮ್ಮ ಸೀರಿ. ಇಪ್ಪತ್ತೆರಡ ವರ್ಷ ನಮ್ಮ ಮನ್ಯಾಗ ಇತ್ತಲ್ಲ, ಇನ್ನ ತವರಮನೀದು ಅನ್ನಾಕ ಬರೂದಿಲ್ಲ, ಈಗ ಬೇಡಿದ ಬಟ್ಟೀನಽ ಆತು. ನನ್ನ ಕೂಸಿನ್ನ ಉಳಸೇತಿ, ಹೇಮಾನ ಕೂಸಿನ್ನೂ ಉಳಸತೇತಿ,” ಎಂದು ಮಷಿನ್ನಿನ ಮೇಲಿಟ್ಟಳು. ಇಟ್ಟು, ರೂಢಿಯಂತೆ ನನ್ನ ಕಾಲಿಗೆ ಬಗ್ಗಿದಳು.

“ಬ್ಯಾಡ,” ಎಂದು ಕಿರುಚಿದೆ. “ಅದನ್ನ ಕೂಸಿಗೆ ಹಚ್ಚೂದು ಬ್ಯಾಡ. ಅದು ನನ್ನ ಸೀರಿ ಅಲ್ಲ. ಅಂಗಡಿ ಬಟ್ಟಿ. ನಾ ಅಂಜಿ ಸೀರಿ ಕೊಡಲಿಲ್ಲ ದಾಕ್ಷಾಯಣಿ.”

ಬಗ್ಗಿದವಳು ಅರ್ಧಕ್ಕೇ ನಿಂತಳು. ಹೇಮಾಳ ಕೈಯಿಂದ ದಾರದ ಉಂಡೆ ಜಾರಿತು. ನಾನು ಎಲ್ಲವನ್ನೂ ಹೇಳಿದೆ: ಹುಡುಗನ ಜ್ವರ, ಸೋಡಾ ನೀರು, ಬಿಸಿಲು, ಅರಿಸಿನದ ಕಲೆ. ಹೇಳುತ್ತ ಹೋದಂತೆ ಎದೆ ಹಗುರಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ.

ದಾಕ್ಷಾಯಣಿ ನೆಟ್ಟಗೆ ನಿಂತು ನನ್ನನ್ನೇ ನೋಡಿದಳು. “ಕೂಸು ಉಳೀತಲ್ರಿ, ಬಟ್ಟಿ ಯಾವುದಾದ್ರೇನು. ನಿಮಗ ಅಂಜಿಕಿ ಆಗಿತ್ತು, ಅದೂ ಖರೆ. ತಾಯಿ ಜೀವ,” ಎಂದಳು. ಮಷಿನ್ನಿನ ಮೇಲಿದ್ದ ಹಸಿರು ಮಡಿಕೆಯನ್ನು ಬದಿಗೆ ಸರಿಸಿದಳು. “ಆದ್ರ ವರ್ಷಾ ವರ್ಷಾ ಕಾಲ ಮುಟ್ಟಿಸ್ಕೊಂಡ್ರೆಲ್ಲ ಅಕ್ಕಾ? ಒಮ್ಮೆರ ಕಾಲ ಹಿಂದ ತಗೋಬೇಕ ಅನಸಲಿಲ್ಲೇನು?”

ನಾನು ಕಾಲುಗಳನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡೆ.

“ಇವತ್ತರ ಯಾಕ ಹೇಳಿದ್ರಿ? ನಿಮ್ಮ ಮೊಮ್ಮಗು ಅಂದಕೂಡ್ಲೆ ಬಾಯಿ ಬಂತೇನು?”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ನಾಲ್ಕು ಮಾತಾಡಿ ಪಾರಾಗುತ್ತಿದ್ದೆ. ಅವಳು ಹೇಳಿದ್ದು ನಿಜವಾಗಿತ್ತು. ಅವಳ ಕೂಸಿಗೆ ಎಂಥ ಬಟ್ಟೆಯಾದರೂ ನಡೆಯಿತು. ನನ್ನ ಮಗಳ ಕೂಸೆಂದಾಗ ಮಾತ್ರ ಖರೇ ಬಟ್ಟೆಯೇ ಬೇಕಾಯಿತು. ಸತ್ಯ ನನ್ನ ಬಾಯಿಂದ ಬಂದದ್ದು ಪ್ರಾಮಾಣಿಕಳಾಗಿ ಅಲ್ಲ, ಮತ್ತೊಮ್ಮೆ ನನ್ನವರಿಗಾಗಿ ಅಂಜಿ. ಭೂಮಿ ಬಾಯಿ ತೆರೆದರೆ ಇಳಿದುಬಿಡುತ್ತಿದ್ದೆ.

ಹೇಮಾ ಎದ್ದಳು. ನನ್ನ ಕಡೆ ನೋಡಲೂ ಇಲ್ಲ. ಭಾರದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗು ಒಡ್ಡಿ ದಾಕ್ಷಾಯಣಿಯ ಮುಂದೆ ನಿಂತಳು.

“ಚಿಗವ್ವಾ, ನಮ್ಮವ್ವ ನಿಮಗ ಕೊಡಲಿಲ್ಲ, ಖರೆ. ನೀವು ನನಗ ಕೊಡ್ರಿ. ನಿಮ್ಮ ಸೀರಿದು ಒಂದ ತುಣುಕ. ಎರಡ ಹೋದ್ರೂ ತಿಪ್ಪವ್ವನ್ನ ಉಳಿಸಿಕೊಂಡೀರಿ, ನನಗ ನೀವಽ ಮಕ್ಕಳೊಂದಿಗಿ.”

ಮೂರು ಮಕ್ಕಳ ತಾಯಿ ನಾನು ಕೊಡದೆ ಹೋದೆ. ದಾಕ್ಷಾಯಣಿಗಿರುವುದು ಒಬ್ಬಳೇ. ಓಣಿಯ ಆ ಮಾತು ಅವಳೂ ಕೇಳಿದ್ದಳು. ಇಲ್ಲ ಎಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ, ನಾನಂತೂ ಅನ್ನುವ ಹಾಗೇ ಇರಲಿಲ್ಲ. ದಾಕ್ಷಾಯಣಿ ಮಷಿನ್ನಿನ ಮೇಲಿದ್ದ ಕತ್ತರಿಗೆ ಕೈ ಹಾಕಿದಳು. ತಾನು ಉಟ್ಟ ಸೀರೆಯ ಸೆರಗನ್ನು ಎಳೆದುಕೊಂಡು ಅಂಚಿಗೆ ಕತ್ತರಿ ತಾಗಿಸಿದಳು.

“ಏ, ಅದು ಹೊಸಾದು! ತಿಪ್ಪವ್ವ ಕೊಡಿಸಿದ್ದು,” ಎಂದೆ.

“ನಾ ಉಟ್ಟೀನಲ್ಲ, ಹಳೇದಾತು ಬಿಡ್ರಿ,” ಎಂದಳು. ಅಂಚು ಕತ್ತರಿಸಿ, ಎರಡೂ ಕೈಯಿಂದ ಹಿಡಿದು ಅಗಲಕ್ಕೆ ಚರ್ರನೆ ಹರಿದಳು. ಹರಿದ ತುಂಡನ್ನು ಹೇಮಾಳ ಸೆರಗಿಗೆ ಹಾಕಿ, ಅವಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಟಾಕ ಸಣ್ಣಾಗಿ ಹಾಕ್ರಿ ಅಕ್ಕಾ, ಬಟ್ಟಿ ತೆಳ್ಳಗೈತಿ,” ಎಂದಳು.

ನಾನು ಗಡಬಡಿಸಿ ಎದ್ದೆ. ಮೊಣಕೈ ತಾಗಿ ಗುಂಡುಸೂಜಿಯ ಡಬ್ಬಿ ಉರುಳಿ, ಸೂಜಿಗಳೆಲ್ಲ ನೆಲದ ಮೇಲೆ ಚೆಲ್ಲಿದವು, ಅವಳ ಬರಿಗಾಲಿನ ಸುತ್ತ. ಹಿರಿಯಳಾದ ನಾನು ಅವಳ ಕಾಲು ಮುಟ್ಟುವ ಹಾಗಿಲ್ಲ, ಮುಟ್ಟಲು ಅವಳು ಬಿಡುವುದೂ ಇಲ್ಲ. “ಚುಚ್ಚತಾವು, ಅಲ್ಲೇ ನಿಂದರು, ಅಳ್ಳಾಡಬ್ಯಾಡ,” ಎಂದು ಮೊಣಕಾಲೂರಿ ಕೂತೆ. ಒಂದೊಂದೇ ಸೂಜಿ ಆರಿಸತೊಡಗಿದೆ. ಅವಳು ಅಲ್ಲಾಡದೆ ನಿಂತಿದ್ದಳು. ಕಡೆಯ ಸೂಜಿ ಅವಳ ಹೆಬ್ಬೆರಳಿನ ಪಕ್ಕದಲ್ಲೇ ಬಿದ್ದಿತ್ತು. ಅದು ಕಂಡರೂ ಕಾಣದವಳ ಹಾಗೆ ಬಹಳ ಹೊತ್ತು ತಲೆ ಬಗ್ಗಿಸಿ ಹುಡುಕುತ್ತಲೇ ಇದ್ದೆ.