ಹನ್ನೊಂದರ ಕೆಂಪು ದೀಪ

ಹನ್ನೊಂದು ಗಂಟೆ ಆಗುತ್ತಿದ್ದಂತೆ ನೆಟ್ಟಿನ ಡಬ್ಬಿಯ ಮೇಲಿನ ಹಸಿರು ದೀಪ ಕೆಂಪಾಗುತ್ತಿತ್ತು. ಮೇ ತಿಂಗಳು ಹುಟ್ಟಿದಾಗಿನಿಂದ ಇದೇ ಆಟ. "ತಮ್ಮ ಮಿಕ್ಸರಿನ ತಳದಲ್ಲಿ ಒಂದು ಸಣ್ಣ ಗುಂಡಿ ಇದೆ ಮೇಡಂ, ಅದನ್ನು ಒಮ್ಮೆ ಒತ್ತಿ" ಎಂದು ನಾನು ಯಾರಿಗೋ ಹೇಳುತ್ತಿರುವಾಗಲೇ ಆ ಕಡೆಯ ಉಸಿರಿನ ಸಪ್ಪಳವೂ ನಿಂತುಹೋಗುತ್ತಿತ್ತು. ಅವರು ಗುಂಡಿ ಒತ್ತಿದರೋ, ಸಿಟ್ಟಿಗೆದ್ದು ಮಿಕ್ಸರನ್ನೇ ಎತ್ತಿ ಒಗೆದರೋ ನನಗೆ ತಿಳಿಯುತ್ತಿರಲಿಲ್ಲ.

ನನ್ನ ಕೆಲಸವೇ ಅದು. ಮಿಕ್ಸರು, ಗ್ರೈಂಡರು ಮಾಡುವ ಕಂಪನಿಯೊಂದಕ್ಕೆ ಬರುವ ಕನ್ನಡದ ಕರೆಗಳಿಗೆ ಕೊಪ್ಪಳದ ನಮ್ಮ ಮನೆಯಲ್ಲೇ ಕೂತು ಉತ್ತರ ಕೊಡುವುದು. ಮೊದಲು ಗಿಣಿಗೇರಾ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲಾರಿಗಳ ತೂಕ ಬರೆದುಕೊಳ್ಳುತ್ತಿದ್ದೆ. ಮಗಳು ಅಮೃತಾ ಏಳುವ ಮುಂಚೆ ಮನೆ ಬಿಟ್ಟರೆ ಅವಳು ಮಲಗಿದ ಮೇಲೆ ತಿರುಗಿ ಬರುವುದು. ತಲೆಯಲ್ಲಿ, ಮೂಗಿನಲ್ಲಿ ಕರಿ ಧೂಳು. ಅವಳ ಹಾಲುಹಲ್ಲು ಬಿದ್ದ ಸುದ್ದಿ ನನಗೆ ಅತ್ತೆ ಬಸವಣ್ಣೆಮ್ಮ ಹೇಳಿದ್ದು, ಹೊಸ ಹಲ್ಲು ಮೂಡಿದ ಮೇಲೆ. ಮನೆಯಲ್ಲೇ ಕೂತು ಮಾಡುವ ಈ ಕೆಲಸ ಸಿಕ್ಕಮೇಲೆ ಆಯಾಸ ಕಮ್ಮಿಯಾಯಿತು ಅಂತಲ್ಲ. ಆಯಾಸವಾದಾಗ ಮಗಳು ಪಕ್ಕದಲ್ಲಿರುತ್ತಾಳೆ, ಅಷ್ಟೇ ವ್ಯತ್ಯಾಸ. ಅದೇ ನನಗೆ ದೊಡ್ಡದು.

ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನನ್ನ ಮೇಲಿನವರು ಪ್ರಭುರಾಜ ಅಂತ, ಹುಬ್ಬಳ್ಳಿಯಲ್ಲಿ ಕೂರುತ್ತಾರೆ. ಬುಧವಾರ ಸಂಜೆ ಅವರ ಫೋನು ಬಂತು.

"ಕವಿತಾ ಮೇಡಂ, ನಿಮ್ಮ ದನಿ ಭಾಳ ಛಲೋ ಐತ್ರಿ. ಮಂದಿ ಎಷ್ಟ ಬೈದ್ರೂ ನೀವು ತಿರುಗಿ ಬೈಯಂಗಿಲ್ಲ. ಆದ್ರ ಲೈನ ಇಲ್ದ ದನಿ ತಗೊಂಡ ನಾ ಏನ್ ಮಾಡ್ಲಿ? ಶುಕ್ರವಾರ ಹನ್ನೆರಡಕ್ಕ ಕಂಪನಿಯವ್ರು ನಿಮ್ಮ ಕರೆ ಕೇಳಾಕ ಕುಂದರ್ತಾರ. ಅವತ್ತೂ ಕಟ್ ಆತು ಅಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ಮೊದಲ ಹೇಳೀನಿ ಮತ್ತ."

ಅಂದರೆ ಜೂನ್ ಒಂದರಿಂದ ಮತ್ತೆ ಲಾರಿ, ಮತ್ತೆ ಧೂಳು.

ನೆಟ್ಟಿನ ಕಂಪನಿಗೆ ನಾನು ಫೋನು ಮಾಡಿರಲಿಲ್ಲ ಅಂತಲ್ಲ. ದಿನಾ ಮಾಡುತ್ತಿದ್ದೆ. ಕನ್ನಡಕ್ಕಾಗಿ ಎರಡನ್ನು ಒತ್ತಿ, ದೂರಿಗಾಗಿ ನಾಲ್ಕನ್ನು ಒತ್ತಿ, ಒಂದೇ ತುಂಡು ವಾದ್ಯ ಸಂಗೀತವನ್ನು ಸಾಕಾಗುವಷ್ಟು ಕೇಳಿದ ಮೇಲೆ ಒಬ್ಬ ಹುಡುಗಿ ಬರುತ್ತಿದ್ದಳು. "ತಮಗಾದ ಅನಾನುಕೂಲಕ್ಕೆ ಕ್ಷಮೆ ಕೋರುತ್ತೇವೆ ಮೇಡಂ. ದಯವಿಟ್ಟು ಡಬ್ಬಿಯನ್ನು ಬಂದ್ ಮಾಡಿ ಹತ್ತು ನಿಮಿಷದ ನಂತರ ಚಾಲೂ ಮಾಡಿ." ನಾನು ಬೈಯಬೇಕೆಂದು ಬಾಯಿ ತೆರೆಯುವುದು, ಅಷ್ಟರಲ್ಲಿ ನನಗೇ ನಗು ಬರುವುದು. ಅವಳು ಆಡುತ್ತಿದ್ದ ಮಾತೆಲ್ಲ ನನ್ನವೇ. ಯಾವ ಮಾತಿನ ನಂತರ ಉಸಿರು ತೆಗೆದುಕೊಳ್ಳುತ್ತಾಳೆ ಅನ್ನುವುದೂ ಗೊತ್ತಿತ್ತು. ಸರಿಯಾದ ಕಡೆ ಕ್ಷಮೆ ಕೇಳಿದಾಗ, ಹುಡುಗಿ ಕೆಲಸ ಛಲೋ ಕಲಿತಿದ್ದಾಳೆ ಅನ್ನಿಸುತ್ತಿತ್ತು. ಆದರೆ ನೆಟ್ ಮಾತ್ರ ಬರುತ್ತಿರಲಿಲ್ಲ.

ದುರಸ್ತಿಯವನು ಬರುತ್ತಿದ್ದುದು ಸಂಜೆ. ಆ ಹೊತ್ತಿಗೆ ದೀಪ ಹಸಿರಾಗಿ ಮೆರೆಯುತ್ತಿರುತ್ತಿತ್ತು. "ಎಲ್ಲಾ ಸರಿ ಐತಲ್ರಿ ಅಕ್ಕಾರ" ಎಂದು ನನ್ನನ್ನೇ ಅನುಮಾನದಿಂದ ನೋಡಿ, ನೀರು ಕುಡಿದು ಹೋಗುತ್ತಿದ್ದ. ಅವನು ಓಣಿ ದಾಟುವ ಮುಂಚೆಯೇ ನನ್ನ ದೂರು ಪರಿಹಾರವಾಗಿದೆ ಎಂಬ ಸಂದೇಶ ಬರುತ್ತಿತ್ತು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ನಮ್ಮ ಮನೆಯವರು ಮಾತ್ರ, "ಬಿಸಲಿಗೆ ಮನಷ್ಯಾರ ತಲಿನ ನಿಂತ ಹೋಗತೈತಿ, ಪಾಪ ವಾಯರ್ ಏನ್ ಮಾಡೀತು" ಎಂದು ಒಂದೇ ಮಾತಿನಲ್ಲಿ ಪ್ರಕರಣ ಮುಗಿಸಿದ್ದರು.

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ನಾನು, ಅಮೃತಾ ಇಬ್ಬರೇ. ಅತ್ತೆ ಪಕ್ಕದ ಹುಲಿಗವ್ವನ ಮಾಳಿಗೆಗೆ ಹೋಗಿದ್ದರು. ನಮ್ಮ ಓಣಿಯಲ್ಲಿ ಬೇಸಿಗೆಯ ಶಾವಿಗೆ ಮುಯ್ಯಿಯ ಲೆಕ್ಕದಲ್ಲಿ ನಡೆಯುತ್ತದೆ. ಇವತ್ತು ನಿಮ್ಮ ಮನೆಯದಕ್ಕೆ ನಾವು ಬಂದರೆ, ನಾಳೆ ನಮ್ಮ ಮನೆಯದಕ್ಕೆ ನೀವು ಬರಬೇಕು. ಹುಲಿಗವ್ವನ ಮಾಳಿಗೆ ಅಗಲವಾಗಿರುವುದರಿಂದ ಎಲ್ಲರ ಸರದಿಯೂ ಅಲ್ಲೇ. ನಾನು ಮುಯ್ಯಿಗೆ ಹೋಗುವ ಹಾಗಿರಲಿಲ್ಲ. ಒಂಬತ್ತಕ್ಕೆ ಕೋಣೆ ಸೇರಿದರೆ, ಹೊರಗಿನ ಸಪ್ಪಳ ಬಾರದಿರಲೆಂದು ಕಿಟಕಿಗೆ ಕೌದಿ ಜೋತುಬಿಟ್ಟು ಕೂರುತ್ತಿದ್ದೆ. ನನ್ನ ಬದಲು ಅತ್ತೆಯೇ ದಿನಾ ಹೋಗುತ್ತಿದ್ದರು. "ಸೊಸಿ ಒಳಗ ಫೋನ್ ಹಚಗೊಂಡ ಹರಟಿ ಹೊಡೀತಾಳ, ಅತ್ತಿ ಬಿಸಲಾಗ ಸಾಯ್ತಾಳ" ಅಂತ ಹುಲಿಗವ್ವ ಆಡಿದ ಮಾತು ನನ್ನ ಕಿವಿಗೂ ಬಿದ್ದಿತ್ತು.

ಹನ್ನೊಂದು ದಾಟಿತು. ದೀಪ ಕೆಂಪಾಯಿತು.

ಡಬ್ಬಿ ಬಂದ್ ಮಾಡಿದೆ, ಚಾಲೂ ಮಾಡಿದೆ. ಮೊಬೈಲ್ ಹಿಡಿದು ಅಂಗಳಕ್ಕೆ ಓಡಿ, ಎರಡು ಒತ್ತಿ, ನಾಲ್ಕು ಒತ್ತಿ, ವಾದ್ಯ ಸಂಗೀತ ಕೇಳಿದೆ. ಅದೇ ಹುಡುಗಿ ಬಂದಳು.

"ಮೇಡಂ, ತಮ್ಮ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತಿಲ್ಲ. ದಯವಿಟ್ಟು ಸಿಗ್ನಲ್ ಸರಿಯಾಗಿರುವ ಸ್ಥಳಕ್ಕೆ ಹೋಗಿ ಮಾತನಾಡುವಿರಾ?"

ಅಷ್ಟು ದಿನಗಳಲ್ಲಿ ಆ ಕಂಪನಿ ನನಗೆ ಕೊಟ್ಟ ಉಪಯೋಗದ ಸಲಹೆ ಅದೊಂದೇ. ನಾನು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದೆ.

ಹೋದವಳು ಹಾಗೇ ನಿಂತೆ. ಕಂಬದಿಂದ ಹೊರಟು, ಹುಲಿಗವ್ವನ ಮಾಳಿಗೆಯ ಮೇಲೆ ಹಾಯ್ದು, ನಮ್ಮ ಗೋಡೆ ಇಳಿಯುವ ಕರಿ ವಾಯರಿನ ಉದ್ದಕ್ಕೂ ಹಸಿ ಶಾವಿಗೆ ಜೋತಾಡುತ್ತಿತ್ತು. ಮದುವೆ ಮನೆಯ ಪರದೆ ಬಿಟ್ಟ ಹಾಗೆ, ಈ ತುದಿಯಿಂದ ಆ ತುದಿಯವರೆಗೆ. ಭಾರಕ್ಕೆ ವಾಯರು ಜೋಲಿ ಬಿದ್ದಿತ್ತು. ಬಾಡಿಗೆಗೆ ತಂದ ಕರೆಂಟಿನ ಮಶೀನು ಗುರ್ರೆನ್ನುತ್ತ ಎಳೆ ಉಗುಳುತ್ತಿತ್ತು, ನಮ್ಮ ಓಣಿಯ ಶಾಂತಕ್ಕ ಅವನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದಳು, ಹುಲಿಗವ್ವ ಒಯ್ಯುತ್ತಿದ್ದಳು, ತುದಿಗಾಲಲ್ಲಿ ನಿಂತು ವಾಯರಿಗೆ ಹಾಕುತ್ತಿದ್ದವರು ನನ್ನ ಅತ್ತೆ.

"ಅತ್ತೀ! ಏನ್ ಮಾಡಾಕ ಹತ್ತೀರಿ?"

"ಕಣ್ಣ ಕಾಣಂಗಿಲ್ಲೇನು? ಶಾವಿಗಿ ಹಾಕಾಕ ಹತ್ತೀವಿ."

"ಅದು ನೆಟ್ಟಿನ ವಾಯರ್ ರೀ!"

"ಗೊತ್ತೈತಿ ತಗಿ. ಹಾಕಾಕ ಬಂದಾಂವ ನನ್ನ ಮುಂದ ಹೇಳಿ ಹೋಗ್ಯಾನ. ಯಮ್ಮಾ, ಇದರಾಗ ಕರೆಂಟ್ ಇಲ್ಲ, ಬರೇ ಬೆಳಕ ಹೋಗತೈತಿ, ಮುಟ್ಟಿದ್ರ ಏನೂ ಆಗಂಗಿಲ್ಲ ಅಂದಾನ. ಬೆಳಕಿಗೆ ಶಾವಿಗಿ ಏನ್ ಭಾರ?"

ಹುಲಿಗವ್ವ ಸೆರಗಿನಿಂದ ಬೆವರು ಒರೆಸಿಕೊಂಡು ಅತ್ತೆಯ ಪರ ನಿಂತಳು. "ಮೊದಲ ಕೈಲೆ ತಿರುವೂ ಮಶೀನ ಇತ್ತು, ನಾಕ್ ಕೋಲ ಸಾಕಾಗ್ತಿದ್ದವು. ಈ ಕರೆಂಟಿಂದು ನೋಡು, ಹಿಟ್ಟ ಹಾಕೂದ್ರಾಗ ಉಗಳತೈತಿ. ಕೋಲ ಎಲ್ಲಿಂದ ತರೂನು? ಈ ವಾಯರ್ ನುಣ್ಣಗ ಐತಿ, ಒಂದ ಎಳಿನೂ ಅಂಟಂಗಿಲ್ಲ. ಓಣ್ಯಾಗಿನ ಶಾವಿಗಿ ಎಲ್ಲಾ ಇದರ ಮ್ಯಾಲೇ ಒಣಗ್ಯಾವ."

ಬೆಳಿಗ್ಗೆ ಹಿಟ್ಟು ನಾದಿ, ಹನ್ನೊಂದಕ್ಕೆ ವಾಯರಿಗೆ ಹಾಕಿ, ಇಳಿಹೊತ್ತಿಗೆ ಒಣಗಿದ್ದನ್ನು ತೆಗೆಯುವುದು. ದುರಸ್ತಿಯವನು ಬರುವ ಹೊತ್ತಿಗೆ ವಾಯರು ಬರಿದೋ ಬರಿದು.

ನಾನು ನಮ್ಮ ಮಾಳಿಗೆಯ ಅಂಚಿಗೆ ಬಂದು ನೋಡಿದೆ. ಜೋಲಿ ಬಿದ್ದ ವಾಯರು ಗೋಡೆಯ ಮೂಲೆಗೆ ಬಿಗಿದು, ಹುಲ್ಲುಕಡ್ಡಿ ಮುರಿದಂತೆ ಮಡಚಿಕೊಂಡಿತ್ತು. ಮೊಬೈಲನ್ನು ಕುತ್ತಿಗೆಯಲ್ಲಿ ಅವುಚಿಕೊಂಡು ಎರಡೂ ಕೈಯಿಂದ ವಾಯರನ್ನು ಮೆಲ್ಲಗೆ ಮೇಲೆತ್ತಿದೆ. ಕೆಳಗಿನಿಂದ ಅಮೃತಾ ಕೂಗಿದಳು.

"ಅವ್ವಾ, ಹಸರಾತು!"

ಕೈ ಬಿಟ್ಟೆ.

"ಮತ್ತ ಕೆಂಪಾತು!"

ಇನ್ನು ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಕ್ಕಾ, ಇವನ್ನ ತಗೀರಿ" ಎಂದೆ ಹುಲಿಗವ್ವನಿಗೆ.

"ಹಸೀವು ತಗದ್ರ ಉಂಡಿ ಆಕ್ಕಾವ. ಮಗಳು ನಾಡ್ದ ಗಂಡನ ಮನಿಗೆ ಹೊಂಟಾಳ, ಬುಟ್ಟಿ ತುಂಬಿ ಕಳಸಬೇಕು. ನಿನ್ನ ಹರಟಿ ಒಂದ ತಾಸ ತಡಾ ಆದ್ರ ಏನಾಕ್ಕೈತಿ?"

"ಹರಟಿ ಅಲ್ಲಕ್ಕಾ, ಕೆಲಸ. ಹನ್ನೆರಡಕ್ಕ ಕಂಪನಿಯವ್ರು ಕೇಳಾಕ ಕುಂದರ್ತಾರ. ಇವತ್ತ ಲೈನ ಹೋದ್ರ ತಗದ ಹಾಕ್ತಾರ. ಮತ್ತ ಗಿಣಿಗೇರಾದಾಗ ಲಾರಿ ಕಾಯೂದ ಆಕ್ಕೈತಿ ನಂದು."

ಮಶೀನಿನ ಸಪ್ಪಳ ನಿಂತಿತು. ಶಾಂತಕ್ಕ ಬಂದ್ ಮಾಡಿದ್ದಳು. ನಾನಿಲ್ಲದ ದಿನಗಳಲ್ಲಿ ಅಮೃತಾ ಅವ್ವ ಎಲ್ಲಿ ಎಂದು ಅತ್ತಾಗ ಸುಮ್ಮನಾಗಿಸಿದವರು ಅತ್ತೆಯೇ. ಮೂಲೆಯಲ್ಲಿ ಬಿದ್ದಿದ್ದ ಬಿದಿರಿನ ಗಳ ತಂದು ವಾಯರಿನ ಹೊಟ್ಟೆಯ ಕೆಳಗೆ ಕೊಟ್ಟು, ಶಾವಿಗೆಯ ಸಮೇತ ಎತ್ತಿ ಹಿಡಿದರು.

"ಏನ್ ನೋಡ್ತಿ ಹುಲಿಗವ್ವಾ? ನೀನೂ ಒಂದ ಗಳ ತಗೋ. ಒಣಗೂ ಮಟಾ ಪಾಳಿ ಮ್ಯಾಲ ಹಿಡಿಯೂನು."

"ಯವ್ವಾ, ಮಗಳ ಶಾವಿಗಿ ಸಲುವಾಗಿ ಇದೊಂದ ಮಾಡೂದ ಬಾಕಿ ಇತ್ತು ನನ್ನ ಹಣೇಬರಕ್ಕ" ಎಂದು ಹುಲಿಗವ್ವ ಗೊಣಗುತ್ತಲೇ ತೆಂಗಿನಕಾಯಿ ಕೀಳುವ ದೋಟಿ ತಂದಳು. ವಾಯರು ನೆಟ್ಟಗಾಯಿತು. ಕೆಳಗಿನಿಂದ ಅಮೃತಾಳ "ಹಸರ! ಹಸರ!" ಶುರುವಾಯಿತು.

ಆಗ ನನ್ನ ಕುತ್ತಿಗೆಯಲ್ಲಿ ಯಾರೋ ಮಾತಾಡಿದರು. ನೆಟ್ಟಿನ ಕಂಪನಿಯ ಹುಡುಗಿ ಇನ್ನೂ ಫೋನಿನಲ್ಲೇ ಇದ್ದಳು.

"ಮೇಡಂ, ಸಮಸ್ಯೆಯ ಕಾರಣ ತಿಳಿದುಬಂದಿದೆಯೇ?"

"ಬಂತವಾ. ವಾಯರ್ ಮ್ಯಾಲ ಶಾವಿಗಿ ಹಾಕ್ಯಾರ."

ಈ ಸಲ ಆ ಕಡೆಯಿಂದ ಬಂದ ದನಿ ಬೇರೆಯೇ ಇತ್ತು. "ಅಯ್ಯ, ಹೌದೇನ್ರಿ? ನಾ ಕುಷ್ಟಗಿ ಕಡೆಯಾಕಿ ರೀ. ನಮ್ಮವ್ವನೂ ಇವತ್ತ ಶಾವಿಗಿ ಮಾಡಾಕ ಹತ್ಯಾಳ, ನನಗಷ್ಟ ರಜಾ ಇಲ್ಲ." ಮತ್ತೆ ತಗ್ಗಿದ ದನಿಯಲ್ಲಿ, "ಆದ್ರ ಅಕ್ಕಾರ, ಇಲ್ಲಿ ಕಾರಣದ ಪಟ್ಟಿಯಾಗ ಶಾವಿಗಿ ಇಲ್ರಿ. ನಾ ಏನ್ ಬರೀಲಿ?"

"ಏನೇನ್ ಐತಿ?"

"ಮಳಿ, ಗಾಳಿ, ಇಲಿ."

"ಇಲಿ ಹಾಕವಾ" ಎಂದೆ. ಮಾಳಿಗೆಯ ಮೇಲಿದ್ದವರೆಲ್ಲ ನಕ್ಕರು. ಹುಲಿಗವ್ವ ನಗುವಾಗ ದೋಟಿ ಅಲ್ಲಾಡಿ, ಕೆಳಗಿನಿಂದ ಅಮೃತಾ "ಕೆಂಪ!" ಎಂದು ಗದರಿಸಿದಳು.

ಹನ್ನೆರಡಕ್ಕೆ ನಾನು ಕೋಣೆಯಲ್ಲಿದ್ದೆ. ಬೆವರು ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡೆ. ಮೊದಲ ಕರೆ ಗಂಗಾವತಿಯ ಗೋವಿಂದರಾಜ ಎಂಬವರದು. ಹೆಂಡತಿ ತವರಿಗೆ ಹೋಗಿದ್ದಾಳೆ, ಚಟ್ನಿ ಮಾಡಲು ಹೋದರೆ ಮಿಕ್ಸರು ತಿರುಗುತ್ತಿಲ್ಲ, ಹಸಿವೆಗೆ ಜೀವ ಹೋಗುತ್ತಿದೆ. ಕಂಪನಿಯವರು ಕೇಳುತ್ತಿದ್ದಾರೆಂಬ ನೆನಪಿನಲ್ಲಿ ಒಂದೊಂದೇ ಮಾತನ್ನು ತೂಗಿ ಆಡಿದೆ. ಪಕ್ಕದ ಮಾಳಿಗೆಯ ಮೇಲೆ ಧಡ್ ಧಡ್ ಹೆಜ್ಜೆಗಳು. "ಹಿಡೀ ಹಿಡೀ, ನನ್ನ ಕೈ ಸತ್ತ ಹೋತು, ಶಾಂತಕ್ಕ ಬಾರಬೇ" ಎಂಬ ಕೂಗು ಕೌದಿಯನ್ನು ದಾಟಿ ಒಳಗೆ ಬರುತ್ತಿತ್ತು.

"ಏನ್ ಸಪ್ಪಳರೀ ಅದು, ಹಿಂದ?" ಎಂದರು ಗೋವಿಂದರಾಜ.

"ಲೈನಿನ ದುರಸ್ತಿ ನಡೆದಿದೆ ಸರ್. ತಾವು ಜಾರಿನಲ್ಲಿ ಎಷ್ಟು ಕೊಬ್ಬರಿ ಹಾಕಿದ್ದೀರಿ?"

"ಒಂದ ಇಡೀ ಕಾಯಿ."

"ಅರ್ಧ ತೆಗೆಯಿರಿ ಸರ್. ಸ್ವಲ್ಪ ನೀರು ಹಾಕಿ. ಈಗ ತಳದ ಗುಂಡಿ ಒತ್ತಿ."

ಗರ್ರ್ ಎಂದು ತಿರುಗಿತು. ಅವರಿಗಿಂತ ನನಗೇ ಹೆಚ್ಚು ಖುಷಿಯಾಯಿತು. ಆಮೇಲೆ ಬಂದ ಕರೆಗಳಲ್ಲಿ ಒಂದೂ ನಡುವೆ ಕಡಿಯಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಮಾಳಿಗೆಯ ಹೆಜ್ಜೆಗಳು ನಿಂತವು. ಶಾವಿಗೆ ಒಣಗಿತ್ತು.

ಪಾಳಿ ಮುಗಿಯುವ ಮುಂಚೆ ಪ್ರಭುರಾಜರ ಫೋನು ಬಂತು. "ಮೇಡಂ, ಕಂಪನಿಯವ್ರು ಖುಷ್ ಆಗ್ಯಾರ. ಜೂನ್ ಒಂದರಿಂದ ನೀವು ಖಾಯಂ. ಲೈನ ಹೆಂಗ್ ಸರಿ ಮಾಡಿಸಿದ್ರಿ? ಅವ್ರ ಕಡೆಯಿಂದ ಯಾರರೆ ಬಂದಿದ್ರೇನು?"

"ಇಲ್ರಿ ಸರ್. ನಮ್ಮ ಓಣಿಯವ್ರ ಎತ್ತಿ ಹಿಡಿದ್ರು" ಎಂದೆ. ಅವರಿಗೆ ಏನು ಅರ್ಥವಾಯಿತೋ, "ಭಾಳ ಛಲೋ, ಭಾಳ ಛಲೋ" ಎಂದರು.

ಅತ್ತೆ ಪಡಸಾಲೆಯಲ್ಲಿ ಎರಡೂ ತೋಳು ಚಾಚಿಕೊಂಡು ಕೂತಿದ್ದರು. ಅಮೃತಾ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಸುದ್ದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಕೈ ನೋವು ದಂಡ ಆಗಲಿಲ್ಲ ಬಿಡು" ಎಂದರು.

ಮರುದಿನ ನಮ್ಮ ಮನೆಯ ಸರದಿ. ಬೆಳಿಗ್ಗೆಯೇ ಓಣಿಯ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಹುಲಿಗವ್ವನ ಮಾಳಿಗೆ ಹತ್ತಿದವು. ಎರಡೆರಡು ಕುರ್ಚಿಗಳ ಬೆನ್ನಿಗೆ ಒಂದೊಂದು ಗಳ. ವಾಯರಿನ ಹತ್ತಿರ ಯಾರೂ ಸುಳಿಯಲಿಲ್ಲ. ಊಟದ ಬಿಡುವಿನಲ್ಲಿ ನಾನು ಸೆರಗು ಸಿಕ್ಕಿಸಿಕೊಂಡು ಮೇಲೆ ಹೋದೆ. ನಮ್ಮದೇ ಮನೆಯ ಶಾವಿಗೆಗೆ ನನ್ನ ಕೈ ತಾಗದಿದ್ದರೆ ಹೇಗೆ ಎಂಬ ಸಂಕೋಚ. ಶಾಂತಕ್ಕ ಬಿಸಿ ಶಾವಿಗೆಗೆ ಬೆಲ್ಲ, ಹಾಲು ಹಾಕಿದ ಬಟ್ಟಲು ಕೊಟ್ಟಳು. ಅಮೃತಾ ನನ್ನ ತೊಡೆಗೆ ಒರಗಿ ತನ್ನ ಬಟ್ಟಲು ಬರಿದು ಮಾಡಿ, ನನ್ನದಕ್ಕೂ ಕೈ ಹಾಕಿದಳು. ತಿಂದು ಎದ್ದು, ಒಂದು ಹಿಡಿ ಎಳೆಗೆ ಕೈ ಚಾಚಿದೆ.

ಹುಲಿಗವ್ವ ನನ್ನ ಕೈ ಮೇಲೆ ಪಟ್ ಅಂತ ಹೊಡೆದಳು.

"ನಿನ್ನ ಪಾಲಿಂದು ನಾವು ಮಾಡ್ತೀವಿ, ನೀ ಕೆಳಗ ನಡಿ. ಅಲ್ಲಿ ಯಾರ್ದೋ ಮಿಕ್ಸರ್ ಕೆಟ್ಟ ಕುಂತಿರ್ತೈತಿ."