ಗಾಡಿಗಳೆದುರು ನಿಲ್ಲುತ್ತಿದ್ದ ನಮ್ಮ ಭಾವ

ನಮ್ಮ ಭಾವನವರಷ್ಟು ಅಲ್ಲಾಡದೆ ನಿಲ್ಲಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಅಕ್ಕ ಬಟ್ಟೆ ಆರಿಸುವ ಅಂಗಡಿಯಲ್ಲಿ, ಉಳಿದ ಗಂಡಸರೆಲ್ಲ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಆಕಳಿಸುತ್ತ, ಗಡಿಯಾರ ನೋಡುತ್ತ ಚಡಪಡಿಸುವಾಗ, ಇವರು ಮಂಡಿ ತುಸುವೂ ಬಾಗದೆ, ಎರಡೂ ಕೈಗಳನ್ನು ಬೂದುಬಣ್ಣದ ಉದ್ದ ಕೋಟಿನ ಜೇಬಿಗಿಳಿಸಿ, ನೆಲಕ್ಕೆ ನೆಟ್ಟ ಹಾಗೆ ನಿಂತುಬಿಡುತ್ತಿದ್ದರು. ನಡೆದರೂ ಅಷ್ಟೆ, ನೆಲದ ಅಪ್ಪಣೆ ಪಡೆದು ಹೆಜ್ಜೆಯಿಡುವವರಂತೆ ನಿಧಾನ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ‘ತಾಳು, ನಿಂತು ನೋಡೋಣ’ ಎಂದೇ ಶುರುಮಾಡುವ ಆಸಾಮಿ. ಆ ಕೋಟಿನ ಮೊಣಕೈಗೆ ಅಕ್ಕ ಹೊಂದದ ದಾರದಲ್ಲಿ ತೇಪೆ ಹಾಕಿದ್ದಳು. ಹೊಸದನ್ನು ತಂದುಕೊಟ್ಟರೆ ಅದನ್ನು ಮಡಚಿ ಬೀರುವಿನಲ್ಲಿಟ್ಟು ಮತ್ತೆ ಹಳೆಯದನ್ನೇ ತೊಟ್ಟು ಹೊರಡುತ್ತಿದ್ದರು.

ಅವರ ಉದ್ಯೋಗ ಒಂದು ದೊಡ್ಡ ಮನರಂಜನಾ ಉದ್ಯಾನದಲ್ಲಿ. ಅಲ್ಲಿ ಕಿಟಕಿಯಿಲ್ಲದ ವಿಶಾಲವಾದ ಸಭಾಂಗಣವೊಂದನ್ನು ಕಡಲಡಿಯ ಅರಮನೆಯಂತೆ ಸಿಂಗರಿಸಿ, ಅದರೊಳಗೆ ನಾಲ್ವರು ಕೂರುವ ಶಂಖಾಕಾರದ ಗಾಡಿಗಳನ್ನು ಓಡಲು ಬಿಟ್ಟಿದ್ದರು. ಹಳಿಯಿಲ್ಲ, ತಂತಿಯಿಲ್ಲ, ಚಾಲಕನಿಲ್ಲ. ನೆಲದಡಿ ಹುದುಗಿಸಿದ ಗುರುತುಗಳನ್ನು ಓದಿಕೊಂಡು, ಮುಂಭಾಗದ ಗಾಜಿನ ಕಣ್ಣುಗಳಿಂದ ಎದುರಿನದನ್ನು ನೋಡಿಕೊಂಡು, ಅವು ಒಂದನ್ನೊಂದು ಸುತ್ತುತ್ತ, ಹಿಂದೆ ಸರಿಯುತ್ತ, ಕೃತಕ ಮಂಜಿನಲ್ಲಿ ಮರೆಯಾಗಿ ಇನ್ನೆಲ್ಲೋ ಪ್ರತ್ಯಕ್ಷವಾಗುತ್ತ ನರ್ತಿಸುವುದನ್ನು ಕಂಡರೆ ಎಂಥ ಅರಸಿಕನೂ ಬೆರಗಾಗಬೇಕು. ಹಳಿಯ ಮೇಲಿನ ಗಾಡಿಗೆ ದಾರಿ ಒಂದೇ. ಹಳಿಯಿಲ್ಲದ್ದಕ್ಕೆ ನೆಲವೆಲ್ಲ ದಾರಿ. ಆದ್ದರಿಂದ ಯಾರಾದರೂ ಅಡ್ಡ ಬಂದರೆ ಗಾಡಿ ತಾನಾಗಿ ನಿಲ್ಲುತ್ತದೆಯೇ ಎಂದು ಪ್ರತಿ ಬೆಳಿಗ್ಗೆ ಪರೀಕ್ಷಿಸಿ, ಪರೀಕ್ಷಿಸಿದವರು ಸರಿಯೆಂದು ಕೈಯೆತ್ತಿದ ಮೇಲೆಯೇ ಜನಕ್ಕೆ ಬಾಗಿಲು ತೆರೆಯಬೇಕು. ಕೈಯೆತ್ತುವ ಕೆಲಸ ನಮ್ಮ ಭಾವನವರದು.

ನಿಯಮದ ಪ್ರಕಾರ ಇದಕ್ಕೆಂದೇ ಮನುಷ್ಯನ ಕಾಲಿನಷ್ಟು ದಪ್ಪದ ಮರದ ಕೊರಡೊಂದಿತ್ತು. ಅದನ್ನು ದಿನಕ್ಕೊಂದು ಕಡೆ ನಿಲ್ಲಿಸಿ ಗಾಡಿಗಳನ್ನು ಬಿಡಬೇಕಿತ್ತು. ಭಾವ ಅದನ್ನು ಮೂಲೆಗೆ ತಳ್ಳಿ, ಅದಕ್ಕೆ ತಮ್ಮ ಊಟದ ಚೀಲ ನೇತುಹಾಕಿ, ಅದರ ಬದಲು ತಾವೇ ನಿಲ್ಲುತ್ತಿದ್ದರು. ಗಾಡಿಗಳ ದಾರಿಗಳೆಲ್ಲ ಕೂಡುವ ನಟ್ಟನಡುವೆ, ತಮ್ಮ ಬೂಟುಗಳಿಂದಲೇ ಬಣ್ಣ ಸವೆದಿದ್ದ ಅದೇ ಜಾಗದಲ್ಲಿ, ಒಂದು ಬೆಳಿಗ್ಗೆಯೂ ತಪ್ಪದಂತೆ. ಗಾಡಿಗಳ ಬುದ್ಧಿಯನ್ನು ಬರೆದಿದ್ದ ಇಂಜಿನಿಯರಮ್ಮ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೊರಡನ್ನೇ ಇಡಿ ಎಂದು ವಿನಯದಿಂದ ಹೇಳಿ ಹೇಳಿ ಸೋತಿದ್ದಳು.

“ಮರಕ್ಕೇನು ಭಯ ತಾಯಿ? ಪೆಟ್ಟು ಬಿದ್ರೆ ನೋಯೋನು ನಿಲ್ಬೇಕು. ಆಗ್ಲೇ ಅದು ಪರೀಕ್ಷೆ” ಎನ್ನುವುದು ಅವರ ಉತ್ತರ. ಕೇಳಿದವರ ಮೈ ಜುಮ್ಮೆನ್ನುವಂಥ ಮಾತು. ನನ್ನದೂ ಜುಮ್ಮೆಂದಿತ್ತು.

ಒಮ್ಮೆ ಅವರು ನನ್ನನ್ನು ಕರೆದೊಯ್ದು ಅದನ್ನು ತೋರಿಸಿದಾಗ ನಾನು ಬೆವೆತುಹೋದೆ. ಆ ಮಬ್ಬುಗತ್ತಲಲ್ಲಿ ಶಂಖಗಳು ಸದ್ದಿಲ್ಲದೆ ನಾಲ್ಕೂ ಕಡೆಯಿಂದ ಅವರತ್ತ ನುಗ್ಗಿಬಂದವು. ಭಾವ ಕಣ್ಣುಮುಚ್ಚಿ ನಿಂತಿದ್ದರು. ಅವರಿಂದ ಮಾರು ದೂರದಲ್ಲಿ ಗಾಡಿಗಳೆಲ್ಲ ಒಟ್ಟಿಗೆ ನಿಂತವು. ಭಾವ ಕಣ್ಣು ತೆರೆದು ಕೈಯೆತ್ತಿದರು. ಮೊದಲೆಲ್ಲ ಇವು ಮೊಳ ದೂರದವರೆಗೆ ಬಂದು ಗಕ್ಕನೆ ನಿಲ್ಲುತ್ತಿದ್ದವೆಂದೂ, ಈಚೆಗೆ ಅಷ್ಟು ದೂರದಲ್ಲೇ ತಡೆಯುತ್ತವೆಂದೂ, ಬರಬರುತ್ತ ಮರ್ಯಾದೆ ಕಲಿತಿವೆಯೆಂದೂ ವಿವರಿಸುವಾಗ ಅವರ ಮುಖದಲ್ಲಿ ಹಾಯುವ ಹಸುವನ್ನು ಪಳಗಿಸಿದವನ ಹೆಮ್ಮೆಯಿತ್ತು.

ಬಾಯಿಗೆ ಬೀಗ ಹಾಕಿಕೊಳ್ಳುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಅಂದೇ ಹೋಗಿ ಅಕ್ಕನ ಕಿವಿಗೆ ಊದಿದೆ. ಗಂಡ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದಾರೆಂದೇ ಇಷ್ಟು ವರ್ಷ ನಂಬಿದ್ದ ಅವಳ ಕೈಯಿಂದ ಲೋಟ ಜಾರಿತು. ಮರುದಿನ ಬೆಳಿಗ್ಗೆ ಅವಳು ಭಾವನವರ ಬೆನ್ನ ಹಿಂದೆಯೇ ಹೊರಟಳು. ಅವಳ ಹಿಂದೆ ನಾನು. ಹೊತ್ತಿಸಿದವನು ನಾನೇ ಆದ್ದರಿಂದ ಆರಿಸಲೂ ನಾನೇ ಬೇಕಾಗಿತ್ತು.

ನಾವು ಒಳಗೆ ಕಾಲಿಡುವ ಹೊತ್ತಿಗೆ ಭಾವ ತಮ್ಮ ಜಾಗದಲ್ಲಿ ನಿಂತಾಗಿತ್ತು, ಮೇಲಿನ ಗಾಜಿನ ಕೋಣೆಯಿಂದ ಇಂಜಿನಿಯರಮ್ಮ ಗಾಡಿಗಳನ್ನು ಬಿಟ್ಟಾಗಿತ್ತು. ಅಕ್ಕ ಗಾಡಿಗಳ ನೆಲದ ಅಂಚಿಗಿದ್ದ ಕಟಕಟೆ ಹಿಡಿದು ಕೂಗಿದಳು.

“ರೀ, ಆಚೆ ಬನ್ನಿ. ನೀವು ಬರ್ದಿದ್ರೆ ನಾನೂ ಬಂದು ನಿಮ್ಮ ಪಕ್ಕ ನಿಲ್ತೀನಿ.”

ಅಷ್ಟು ಹೇಳಿ ಅವಳು ಕಟಕಟೆಯಾಚೆಗೆ ಒಂದು ಕಾಲು ಹಾಕಿಯೇಬಿಟ್ಟಳು. ಆ ಮನುಷ್ಯ ಆತುರಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದ್ದೆನೋ ಬಿದ್ದೆನೋ ಎಂದು ಅವಳನ್ನು ತಡೆಯಲು ಓಡಿಬಂದರು. ಅವರ ಜಾಗ ಖಾಲಿಯಾಯಿತು. ಗಾಡಿಗಳು ಬಂದವು. ಬಂದು, ಎಂದಿನಂತೆ, ಮಾರು ದೂರದಲ್ಲಿ ಎಲ್ಲವೂ ಒಟ್ಟಿಗೆ ನಿಂತವು, ಯಾರೂ ಇಲ್ಲದ ಆ ಜಾಗದ ಎದುರು.

ಭೂತ ಪ್ರೇತಗಳನ್ನು ನಂಬದ ನಾನು ಆ ಕ್ಷಣ ಅವನ್ನೂ ನಂಬಲು ಸಿದ್ಧನಿದ್ದೆ. ಇಂಜಿನಿಯರಮ್ಮ ಬಿಳಿಚಿಕೊಂಡು ಕೆಳಗಿಳಿದು ಬಂದಳು. ಗಾಡಿಗಳು ಪ್ರತಿ ಬೆಳಿಗ್ಗೆ ಇದೇ ಓಟದಲ್ಲಿ ಸಭಾಂಗಣದ ನಕ್ಷೆಯನ್ನು ತಿದ್ದಿಕೊಳ್ಳುತ್ತಿದ್ದವು. ದಿನವೂ ಒಂದೇ ಕಡೆ ಒಂದೇ ಆಕಾರ ಕಂಡರೆ ಅದು ಕಟ್ಟಡದ್ದೇ ಒಂದು ಭಾಗವೆಂದು ಗುರುತು ಹಾಕಿಕೊಳ್ಳುತ್ತಿದ್ದವು. ಹಗಲಿನ ಆಟದಲ್ಲಿ ಅದನ್ನು ಬಳಸಿ ಹೋಗುತ್ತಿದ್ದವು, ಪರೀಕ್ಷೆಯ ಓಟದಲ್ಲಿ ಮಾತ್ರ ಅದರೆದುರು ನಿಲ್ಲುತ್ತಿದ್ದವು.

“ನಿಮ್ಮನ್ನ ಅವು ಕಂಬ ಅಂತ ಬರ್ಕೊಂಡಿವೆ ಸಾರ್. ನೋಡಿ ನಿಂತಿದ್ದಲ್ಲ. ನೆನಪಿಂದ ನಿಂತಿದ್ದು” ಎಂದಳು.

ಹಾಗಾದರೆ ಇವಕ್ಕೆ ಕಣ್ಣು ಕಾಣುತ್ತದೆಯೇ ಇಲ್ಲವೇ ಎಂದು ಭಾವ ಮೆಲ್ಲಗೆ ಕೇಳಿದರು. ಕೊರಡಿಟ್ಟು ನೋಡೋಣ ಎಂದು ಅವಳು ಮೂಲೆಗೆ ಓಡಿದಳು. ಪರೀಕ್ಷೆಯ ಎರಡನೆಯ ಸುತ್ತು ತಾನಾಗಿಯೇ ಶುರುವಾಗುತ್ತದೆಂಬುದು ಭಾವನವರಿಗೆ ಗೊತ್ತಿತ್ತು. ಅವಳು ಚೀಲ ತೆಗೆದು ಕೊರಡನ್ನು ಎತ್ತುವುದರೊಳಗೆ, ಭಾವ ಅಕ್ಕನ ಕೈಬಿಡಿಸಿಕೊಂಡು, ತಾವು ಎಂದೂ ನಿಲ್ಲದಿದ್ದ ಗೋಡೆಯ ಬಳಿಯ ದಾರಿಗೆ ಹೋಗಿ ನಿಂತರು. ಈ ಸಲ ಕಣ್ಣು ತೆರೆದಿದ್ದರು. ಶಂಖವೊಂದು ತಿರುಗಿ ಬಂತು. ವೇಗ ತಗ್ಗಲಿಲ್ಲ. ಅದರ ಮುಂಭಾಗದ ರಬ್ಬರ್ ಪಟ್ಟಿ ಅವರ ಮೊಣಕಾಲ ಕೆಳಗೆ ಬಡಿಯಿತು, ಬಡಿದ ಮೇಲೆ ಗಾಡಿ ನಿಂತಿತು. ಒಣ ಸೌದೆ ಮುರಿದಂಥ ಆ ಸದ್ದು ಈಗ ಬರೆಯುವಾಗಲೂ ನನ್ನ ಕಿವಿಯಲ್ಲಿದೆ. ಅಕ್ಕ ಕಟಕಟೆಯ ಬುಡದಲ್ಲೇ ಕೂತುಬಿಟ್ಟಳು.

ಆಮೇಲೆ ಬಿಚ್ಚಿ ನೋಡಿದರೆ, ಕೃತಕ ಮಂಜಿನ ಎಣ್ಣೆಯಂಥ ಪಸೆ ಗಾಜಿನ ಕಣ್ಣುಗಳ ಮೇಲೆಲ್ಲ ತೆಳ್ಳಗೆ ಕೂತಿತ್ತು. ಎಂದಿನಿಂದ ಎಂದು ಹೇಳಲು ಯಾರಿಗೂ ಆಗಲಿಲ್ಲ. ದಿನಕ್ಕೊಂದು ಕಡೆ ಕೊರಡಿಟ್ಟಿದ್ದರೆ ಮೊದಲ ಬೆಳಿಗ್ಗೆಯೇ ತಿಳಿಯುತ್ತಿತ್ತು.

ಆಸ್ಪತ್ರೆಯ ಮಂಚದಲ್ಲಿ ಭಾವ ಮುರಿದ ಕಾಲಿನ ಮಾತನ್ನೇ ಎತ್ತಲಿಲ್ಲ, ಹೇಳಿದ್ದು ಮಗುವೊಂದರ ಕಥೆ. ಹಿಂದಿನ ವಾರ ಒಂದು ಮಗು, ಬಿದ್ದ ಚಪ್ಪಲಿಯನ್ನು ಎತ್ತಿಕೊಳ್ಳಲೆಂದು ಸೀಟಿನ ಅಡ್ಡಪಟ್ಟಿ ಸರಿಸಿ ಸಭಾಂಗಣದ ನಡುವೆಯೇ ಇಳಿದುಬಿಟ್ಟಿತ್ತಂತೆ. ಪಟ್ಟಿ ಸರಿದದ್ದರಿಂದ ಅದರ ಗಾಡಿ ನಿಂತಿತು. ಹಿಂದಿನಿಂದ ಬರುತ್ತಿದ್ದ ಗಾಡಿ ಮಗುವಿನ ಪಕ್ಕದಲ್ಲಿ ಸರಕ್ಕನೆ ತಿರುಗಿ ಹೋಯಿತು. ಎಷ್ಟು ಜಾಣ ಗಾಡಿ, ಮಗುವನ್ನು ನೋಡಿ ತಿರುಗಿತು ಎಂದು ಅಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅದು ನೋಡಿರಲಿಲ್ಲ. ಅದರ ದಾರಿಯಲ್ಲಿ ತಿರುವು ಅಲ್ಲಿತ್ತು, ಅಷ್ಟೆ.

“ಆ ಮಗೂನ ಒಳಗೆ ಬಿಟ್ಟಿದ್ದು ಈ ಕೈ” ಎಂದು ಭಾವ ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

ಅಕ್ಕ, “ನಿಮ್ಮ ಜೀವಕ್ಕೇನಾಗುತ್ತೋ ಅಂತ ಹೆದ್ರಿದ್ದೆ. ಆ ಮಕ್ಕಳ ಯೋಚ್ನೆ ನಂಗೂ ಬರ್ಲಿಲ್ಲ ನೋಡಿ” ಎಂದಳು.

ಇಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ: ತಾವು ಕಟ್ಟಿದ ಸೇತುವೆಯ ಕೆಳಗೆ ತಾವೇ ನಿಲ್ಲುವವರು, ತಾವು ಅರೆದ ಔಷಧಿಯನ್ನು ಮೊದಲು ತಾವೇ ಕುಡಿಯುವವರು. ಅವರನ್ನು ಕಂಡರೆ ಕೈ ತಾನಾಗಿ ಮುಗಿಯುತ್ತದೆ, ಮುಗಿಯಲೂಬೇಕು. ಅವರ ಧೈರ್ಯದಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಆದರೆ ಪ್ರಾಣವನ್ನೇ ಪಣಕ್ಕಿಟ್ಟವರನ್ನು ಮತ್ತೆ ಪರೀಕ್ಷಿಸುವ ಮನಸ್ಸು ಯಾರಿಗೆ ಬಂದೀತು? ಅವರ ನಿಷ್ಠೆ ಮೊದಲು ಕಟ್ಟಿಹಾಕುವುದು ನಮ್ಮ ಬಾಯನ್ನು. ತಮ್ಮ ಜೀವಕ್ಕೆ ಅಂಜದ ಅಂಥವರ ಬೆನ್ನ ಹಿಂದೆ, ಬಾಗಿಲು ತೆರೆಯಲೆಂದು ಕಾದಿರುವ ಮಕ್ಕಳ ಪರವಾಗಿ ಅಂಜುವವರು ಒಬ್ಬರಾದರೂ ಇರಬೇಕು. ನಮ್ಮ ಭಾವನವರ ಹಿಂದೆ ಅಂಥವಳು ಒಬ್ಬಳಿದ್ದಳು, ಕೊರಡನ್ನೇ ಇಡಿ ಎಂದು ಹೇಳಿ ಹೇಳಿ ಸೋತವಳು. ಅವಳನ್ನು ಅಲ್ಲಿನವರೆಲ್ಲ ಪುಕ್ಕಲಿ ಎಂದು ಕರೆದು ನಗುತ್ತಿದ್ದರು, ನಾನೂ ನಕ್ಕಿದ್ದೆ.