ಅಲಿಯಬ್ಬ ಕಾಕನ ಬೀಳುವ ಪಾಠ

"ಡಿಲೀಟ್ ಮಾಡು ಮಾರಾಯ. ಸಕೀನಕ್ಕನ ಕಾರು ಬರುವ ಮೊದಲು ಡಿಲೀಟ್ ಮಾಡಿಬಿಡು," ಎನ್ನುತ್ತ ಶೀನಪ್ಪ ರಂಜಿತನ ಕೈಯಲ್ಲಿದ್ದ ಫೋನಿಗೇ ಕೈ ಹಾಕಿದ.

ರಂಜಿತ್ ಫೋನನ್ನು ಬೆನ್ನ ಹಿಂದೆ ಒಯ್ದ. "ಗ್ರೂಪಿನಿಂದ ವಿಡಿಯೋ ತೆಗ್ದಾಯ್ತಲ್ಲ ಶೀನಪ್ಪಣ್ಣ."

"ಗ್ರೂಪಿನಿಂದ ತೆಗ್ದರೆ ಸಾಕಾ? ನಿನ್ನ ಫೋನಲ್ಲಿ ಉಂಟಲ್ಲ? ಅದನ್ನಿಟ್ಟುಕೊಂಡು ಎಂತ ಮಾಡ್ತಿ, ಫ್ರೇಮ್ ಹಾಕಿಸ್ತೀಯಾ?"

ಅಲ್ ಕೂಝ್ ಖಬರಸ್ಥಾನದ ಪಾರ್ಕಿಂಗಿನಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ, ಮಯ್ಯತ್ ತೊಳೆಯುವ ಕಟ್ಟಡದಲ್ಲಿ, ಅಲಿಯಬ್ಬನಿಗೆ ಕೊನೆಯ ಸ್ನಾನ ನಡೆದಿತ್ತು. ನಿನ್ನೆ ಸಂಜೆ ಊದ್ ಮೇಥಾದ ಹಾಲಿನಲ್ಲಿ, ಊರವರ ಸಂಘದ ಸಭೆಯಲ್ಲಿ, ಅಷ್ಟೂ ಜನರ ಎದುರು ಮಾತಾಡುತ್ತಿದ್ದ ಹಾಗೆಯೇ ಬಿದ್ದು ಸತ್ತವನು ಅವನು. ಶೀನಪ್ಪ ಆ ಸಂಘದ ಅಧ್ಯಕ್ಷ, ದೇರಾದಲ್ಲಿ ಪ್ಯಾಕಿಂಗ್ ಸಾಮಾನಿನ ವ್ಯಾಪಾರಿ. ರಂಜಿತ್ ಕಾರ್ಯದರ್ಶಿ, ಸಿಲಿಕಾನ್ ಓಯಸಿಸ್‌ನ ಆಫೀಸೊಂದರಲ್ಲಿ ಕೆಲಸಕ್ಕಿದ್ದವನು. ಇಬ್ಬರ ಕಣ್ಣೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಸಕೀನಕ್ಕ ಕೇಳಿದ್ರೆ ಎಂತ ಹೇಳುವುದು?" ಎಂದ ರಂಜಿತ್.

"ಕಾಕ ಬಿದ್ರು, ನಾವು ಕೂಡ್ಲೆ ಆಂಬುಲೆನ್ಸ್ ಕರೆದೆವು. ಅಷ್ಟೆ. ಖಲಾಸ್."

"ಕೂಡ್ಲೆ ಎಲ್ಲಿ ಕರೆದೆವು ಶೀನಪ್ಪಣ್ಣ?"

"ಗೊತ್ತುಂಟು ನನಗೆ! ನೀನು ಪುನಃ ಪುನಃ ಹೇಳ್ಬೇಡ." ಶೀನಪ್ಪ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. "ಸತ್ಯ ಹೇಳಿ ಆ ಹೆಂಗಸಿಗೆ ಎಂತ ಸಿಗ್ಲಿಕ್ಕುಂಟು? ಗಂಡ ವಾಪಸ್ ಬರ್ತಾರಾ? ಜೀವಮಾನವಿಡೀ ಅದನ್ನೇ ನೆನೆಸಿಕೊಂಡು ಕೊರಗ್ಬೇಕಾ ಅವರು?"

ಅವನ ಮಾತಿನಲ್ಲಿ ನ್ಯಾಯ ಇಲ್ಲದಿರಲಿಲ್ಲ. ಸ್ವಂತ ಹೆದರಿಕೆಯೂ ಬೇಕಾದಷ್ಟಿತ್ತು. ರಂಜಿತ್ ಫೋನನ್ನು ಜೇಬಿಗೆ ಹಾಕಿದ. ಅಳಿಸಲಿಲ್ಲ. ಯಾಕೆಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

*

ಅಲಿಯಬ್ಬ ಡಾಕ್ಟರೂ ಅಲ್ಲ, ಕಂಪೌಂಡರೂ ಅಲ್ಲ. ಅಬುಧಾಬಿಯಲ್ಲಿ ಆಸ್ಪತ್ರೆ ಸಾಮಾನು ಮಾರುವ ಕಂಪನಿಯೊಂದರ ಸ್ಟೋರ್‌ಕೀಪರ್. ಹಿಂದೊಮ್ಮೆ, ಸುಳ್ಯದ ಕಡೆಯ ಹಳ್ಳಿಯಲ್ಲಿ ಅವನ ಅಕ್ಕ ಮನೆಯಂಗಳದಲ್ಲೇ ಕುಸಿದು ಬಿದ್ದಿದ್ದಳು. ಸುತ್ತ ಸೇರಿದವರು ಫಿಟ್ಸ್ ಎಂದುಕೊಂಡು ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರು, ಮುಖಕ್ಕೆ ನೀರು ಚಿಮುಕಿಸಿದರು, ಸೋಡಾ ತರಲು ಓಡಿದರು. ನಿಂತದ್ದು ಹೃದಯ. ಎದೆ ಒತ್ತಬೇಕೆಂದು ಆ ಅಂಗಳದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. "ಯಾರದ್ದೂ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ," ಎಂದು ಅಲಿಯಬ್ಬ ಸಿಕ್ಕಸಿಕ್ಕವರಲ್ಲಿ ಹೇಳುತ್ತಿದ್ದ. ಹೇಳಿಕೊಡುವುದೇ ಅವನ ಹುಚ್ಚಾಯಿತು.

ಊರಿನಲ್ಲಿ ನಿವೃತ್ತ ನರ್ಸೊಬ್ಬರನ್ನು ಹಿಡಿದ. ಬೀಡಿ ಕಟ್ಟುವ ಹೆಂಗಸರು, ರಿಕ್ಷಾದವರು, ಅಂಗನವಾಡಿಯವರು, ಇವರಿಗೆಲ್ಲ ಊರೂರಿನಲ್ಲಿ ತರಬೇತಿ ಶುರುವಾಯಿತು. ನರ್ಸಮ್ಮನ ಸಂಬಳ, ಹಾಲಿನ ಬಾಡಿಗೆ, ಬಂದವರ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಎಲ್ಲವನ್ನೂ ಇಲ್ಲಿಂದ ಎತ್ತಿ ಕಳಿಸಬೇಕು. ಸ್ಟೋರಿನ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಫೋನಿನಲ್ಲೇ ಇಡೀ ಏರ್ಪಾಡು ನಡೆಸುತ್ತಿದ್ದ. ಊರಿಗೆ ಹೊರಟವರ ಬ್ಯಾಗಿನಲ್ಲಿ ಜಾಗ ಉಂಟೆಂದು ಗೊತ್ತಾದರೆ ಮುಗಿಯಿತು, ಎದೆ ಒತ್ತಿ ಕಲಿಯುವ ರಬ್ಬರ್ ಬೊಂಬೆಯ ತಲೆಯನ್ನೋ ಮುಂಡವನ್ನೋ ತಂದು ತುರುಕುತ್ತಿದ್ದ. ರಂಜಿತನ ಹೆಂಡತಿ ನಿಖಿತಾಳ ಸೂಟ್‌ಕೇಸನ್ನು ಮಂಗಳೂರಿನಲ್ಲಿ ಬಿಚ್ಚಿಸಿದಾಗ ಚೂಡಿದಾರಗಳ ನಡುವಿನಿಂದ ತಲೆಯೊಂದು ಉರುಳಿ ಕಸ್ಟಮ್ಸಿನವನು ಹೌಹಾರಿದ ಕತೆಯನ್ನು ಸಂಘದವರು ಇನ್ನೂ ಹೇಳಿಕೊಂಡು ನಗುತ್ತಾರೆ.

ಕಷ್ಟ ಇದ್ದದ್ದು ದೇಣಿಗೆ ಎತ್ತುವುದರಲ್ಲಿ. ಆಂಬುಲೆನ್ಸ್ ಅಂದರೆ ಜನ ಕೊಡುತ್ತಾರೆ, ಡಯಾಲಿಸಿಸ್ ಯಂತ್ರ ಅಂದರೂ ಕೊಡುತ್ತಾರೆ. "ತರಬೇತಿಗೆ ಕೊಟ್ರೆ ನಮ್ಮ ಹೆಸರು ಬರೆಯುವುದೆಲ್ಲಿ ಕಾಕ?" ಎಂದು ಶೀನಪ್ಪ ಒಮ್ಮೆ ಬಾಯಿಬಿಟ್ಟೇ ಕೇಳಿದ್ದ.

"ರಿಕ್ಷಾದವನ ಬೆನ್ನ ಮೇಲೆ ಬರೀಲಿಕ್ಕೆ ಆಗ್ತದಾ ಕೇಳಿ ನೋಡುವ," ಎಂದಿದ್ದ ಅಲಿಯಬ್ಬ.

ಮಾತಿಗೆ ಯಾರೂ ಕರಗುವುದಿಲ್ಲವೆಂದು ಗೊತ್ತಾದ ಮೇಲೆ ಅವನು ಬೀಳಲು ಶುರು ಮಾಡಿದ. ಇಫ್ತಾರ್ ಕೂಟದಲ್ಲಿ ಬಿದ್ದ, ಯಕ್ಷಗಾನದ ನಡುವಿನ ಬಿಡುವಿನಲ್ಲಿ ಬಿದ್ದ, ಕ್ರಿಕೆಟ್ ಮೈದಾನದಲ್ಲೂ ಬಿದ್ದ. ಮಾತಾಡುತ್ತಾ ಮಾತಾಡುತ್ತಾ ಎದೆ ಹಿಡಿದುಕೊಂಡು ದೊಪ್ಪನೆ ಬೀಳುವುದು, ಜನ ಕಂಗಾಲಾಗಿ ನೀರು ತನ್ನಿ, ಗಾಳಿ ಬಿಡಿ ಎಂದು ಕೂಗಾಡಿದ ಮೇಲೆ ಒಂದು ಕಣ್ಣು ತೆರೆದು, "ಖಲಾಸ್, ನಾನು ಸತ್ತೆ. ನೀವೆಲ್ಲ ಎಂತ ಮಾಡ್ತಾ ಇದ್ರಿ?" ಎನ್ನುವುದು, ಎದ್ದು ಎದೆ ಒತ್ತುವುದು ಹೇಗೆಂದು ತೋರಿಸಿಕೊಡುವುದು. ಮೊದಲ ಸಲ ಜನ ಬೈದರು, ಬೈದುಕೊಂಡೇ ಕೊಟ್ಟರು. ಆಮೇಲಾಮೇಲೆ ಎಲ್ಲರಿಗೂ ಗೊತ್ತಾಗಿ ಹೋಯಿತು. ಕಾಕ ಬೀಳುವುದು, ಜನ ಚಪ್ಪಾಳೆ ತಟ್ಟುವುದು ಸಂಘದ ಕಾರ್ಯಕ್ರಮದ ಒಂದು ಭಾಗವೇ ಆಗಿಬಿಟ್ಟಿತು.

*

ನಿನ್ನೆಯ ಸಭೆಯಲ್ಲಿ ಮುಂದಿನ ವರ್ಷದ ದೇಣಿಗೆ ಯಾವುದಕ್ಕೆ ಎಂಬ ಚರ್ಚೆ. ಶೀನಪ್ಪ ಆಂಬುಲೆನ್ಸ್ ಎಂದ. ಅಲಿಯಬ್ಬ ಎದ್ದು ನಿಂತ.

"ಆಂಬುಲೆನ್ಸ್ ಬರುವ ತನಕ ಆ ಮನುಷ್ಯನ ಜೀವ ನಿಲ್ಬೇಕಲ್ಲ ಶೀನಪ್ಪಣ್ಣ? ಅದನ್ನು ಹಿಡಿದು ನಿಲ್ಲಿಸ್ಲಿಕ್ಕೆ ಹತ್ತಿರ ಒಬ್ಬ..." ಎನ್ನುತ್ತಿದ್ದವನು ಮಾತು ನಿಲ್ಲಿಸಿ ಎಡ ಭುಜ ಹಿಡಿದುಕೊಂಡ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನೂ ಎಳೆದುಕೊಂಡು ಬಿದ್ದ.

"ಶುರುವಾಯ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಲಿಡೀ ನಕ್ಕಿತು. ದೇಣಿಗೆಯ ಮನವಿಗೆ ಹಾಕಲು ಚೆನ್ನಾಗಿರುತ್ತದೆಂದು ರಂಜಿತ್ ಫೋನ್ ಎತ್ತಿ ವಿಡಿಯೋ ಮಾಡಿದ. ಕುರ್ಚಿ ಬೇರೆ ಬೀಳಿಸಿದ್ದಾರೆ, ಈ ಸಲ ಆ್ಯಕ್ಟಿಂಗ್ ಭಾರಿ ಉಂಟು ಎಂದು ಒಬ್ಬ ಹೇಳಿದ. ಶೀನಪ್ಪ ಮೈಕಿನಲ್ಲೇ, "ಆಯ್ತು ಕಾಕ, ನೀವು ಗೆದ್ರಿ, ತರಬೇತಿಗೇ ಕೊಡುವ. ಏಳಿ ಇನ್ನು, ಚಾ ಬಂತು," ಎಂದ. ಮತ್ತೊಂದು ಸುತ್ತು ಚಪ್ಪಾಳೆ. ರಂಜಿತ್ ವಿಡಿಯೋವನ್ನು ಗ್ರೂಪಿಗೂ ಕಳಿಸಿದ. ಜನ ಚಾದ ಕಪ್ಪು ಹಿಡಿದುಕೊಂಡು, ಬಿದ್ದಿದ್ದ ಅಲಿಯಬ್ಬನನ್ನು ದಾಟಿ ಆಚೀಚೆ ಓಡಾಡಿದರು. ಅಯ್ಯೋ ದೇವರೇ, ದಾಟಿಕೊಂಡು ಓಡಾಡಿದರು!

ಅವನು ಕಣ್ಣು ತೆರೆಯಲೇ ಇಲ್ಲ. "ಸಾಕು ಕಾಕ," ಎಂದು ರಂಜಿತ್ ಬಗ್ಗಿ ಕೈ ಹಿಡಿದೆಳೆದ. ಎಳೆದರೆ ಕೈ ಬಂತು, ಬಿಟ್ಟರೆ ಬಿತ್ತು. ಆಮೇಲೆ ಒತ್ತಿದ್ದೂ ಆಯಿತು, ಆಂಬುಲೆನ್ಸ್ ಕರೆದದ್ದೂ ಆಯಿತು. ಬಿದ್ದು ಎಷ್ಟು ಹೊತ್ತಾಯಿತು ಎಂದು ಬಂದವರು ಕೇಳಿದಾಗ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

*

ಅನ್ಸಾರನ ಕಾರು ಬಂತು. ಅಂಗಳದಲ್ಲಿ ಬಿದ್ದು ಸತ್ತ ಅಕ್ಕನ ಮಗ ಅವನು. ಪೊಲೀಸು, ಆಸ್ಪತ್ರೆ, ಕಾಗದಪತ್ರ ಎಂದು ಓಡಾಡಿ ಅಂಗಿಯೆಲ್ಲ ಮುದ್ದೆಯಾಗಿತ್ತು. ಹಿಂದಿನ ಸೀಟಿನಿಂದ ಸಕೀನ ಇಳಿದಳು, ಜೊತೆಗೆ ಕಾಲೇಜಿಗೆ ಹೋಗುವ ಮಗಳು ಮಿನ್ಹಾ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮನೆಯಿಂದ ಇಲ್ಲಿವರೆಗೆ ತಾಯಿ ಮಗಳು ಒಂದು ಮಾತೂ ಆಡಿರಲಿಲ್ಲವಂತೆ.

ಸಕೀನ ಅಳುತ್ತಿರಲಿಲ್ಲ. ಇನ್ನೂ ನಂಬಿಕೆಯೇ ಬಾರದ ಮುಖ. ನೇರ ಶೀನಪ್ಪನ ಎದುರು ಬಂದು ನಿಂತಳು.

"ನೀವೆಲ್ಲ ಇದ್ರಲ್ಲ ಶೀನಪ್ಪಣ್ಣ, ಅದೊಂದೇ ನನಗೆ ಸಮಾಧಾನ," ಎಂದಳು. "ಒಬ್ಬರೇ ಸ್ಟೋರಿನಲ್ಲಿ ಬೀಳ್ತಿದ್ರೆ ನಾನು ಎಂತ ಮಾಡ್ಬೇಕಿತ್ತು? ಅವರೇ ಕಲಿಸಿದವರ ಮಧ್ಯೆ ಬಿದ್ರು. ಬೆಳಗ್ಗಿಂದ ಊರಿನ ಹೆಂಗಸರ ಫೋನು ನಿಲ್ತಾ ಇಲ್ಲ. ಕಾಕನ ಎದೆ ಯಾರು ಒತ್ತಿದ್ರು ಅಂತ ಕೇಳ್ತಾರೆ. ನಾನು ಹೇಳಿದೆ, ಎಲ್ಲರೂ ಇದ್ರು, ಆಗುವಷ್ಟು ಮಾಡಿದ್ರು, ಅಲ್ಲಾಹನ ವಿಧಿ ಅಂತ."

"ಹೌದು ಸಕೀನಕ್ಕ," ಎಂದ ಶೀನಪ್ಪ.

ಮಿನ್ಹಾ ರಂಜಿತನತ್ತ ತಿರುಗಿದಳು. "ಅಂಕಲ್, ಹೂ ಸ್ಟಾರ್ಟೆಡ್ ಸಿಪಿಆರ್? ಯೂ?"

"ಈಗ ಬೇಡ ಮಿನ್ಹಾ," ಎಂದಳು ತಾಯಿ.

"ಐ ಜಸ್ಟ್ ವಾಂಟ್ ಟು ಥ್ಯಾಂಕ್ ಹಿಮ್, ಉಮ್ಮ."

ಬೈದಿದ್ದರೆ ರಂಜಿತ್ ಸುಮ್ಮನೆ ನಿಂತಿರುತ್ತಿದ್ದ. ಥ್ಯಾಂಕ್ ಎಂದದ್ದನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ. "ಯಾರೂ ಮಾಡ್ಲಿಲ್ಲ," ಎಂದುಬಿಟ್ಟ.

"ರಂಜಿತ್!" ಎಂದ ಶೀನಪ್ಪ.

"ಯಾರೂ ಮಾಡ್ಲಿಲ್ಲ ಸಕೀನಕ್ಕ. ಎಲ್ಲ ಮುಗಿದ ಮೇಲೆ ಮಾಡಿದ್ದು. ನಾವು ನಾಟಕ ಅಂದ್ಕೊಂಡೆವು. ನಗಾಡಿದೆವು. ಚಾ ಕುಡಿದೆವು. ನಾನು ವಿಡಿಯೋ ಮಾಡ್ತಾ ನಿಂತಿದ್ದೆ."

ಕಾರಿನ ಬಾಗಿಲು ಹಿಡಿದು ನಿಂತಿದ್ದ ಅನ್ಸಾರ್ ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. "ಮಾಮನಿಗೂ ಹೀಗೆಯೇ ಆಯ್ತಾ?" ಎಂದು ನೆಲ ನೋಡಿಕೊಂಡು ಕೇಳಿದ.

ಸಕೀನ ಕೈ ಚಾಚಿದಳು. "ತೋರಿಸಿ."

"ಬೇಡ ಸಕೀನಕ್ಕ, ನಿಮ್ಮ ಕಾಲು ಹಿಡೀತೇನೆ."

"ತೋರಿಸಿ ಅಂದೆ."

ಖಬರಸ್ಥಾನದ ಪಾರ್ಕಿಂಗಿನಲ್ಲಿ ನಿನ್ನೆಯ ನಗು ಫೋನಿನಿಂದ ಹೊರಗೆ ಬಂತು, ಚಪ್ಪಾಳೆ ಬಂತು, ಶೀನಪ್ಪನ ಮೈಕಿನ ಸ್ವರವೂ ಬಂತು. ಶೀನಪ್ಪ ಮುಖ ಮುಚ್ಚಿಕೊಂಡ. ಸಕೀನಳಿಗೆ ಅದೊಂದೂ ಕೇಳಿದ ಹಾಗಿರಲಿಲ್ಲ. ಬೆರಳಿನಿಂದ ವಿಡಿಯೋ ನಿಲ್ಲಿಸಿ, ಫೋನನ್ನು ಕಣ್ಣ ಹತ್ತಿರ ತಂದಳು.

"ಕನ್ನಡಕ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಕನ್ನಡಕ ಹಾಕ್ಕೊಂಡೇ ಬಿದ್ದಿದ್ದಾರೆ!" ಅವಳ ಸ್ವರ ಆಗ ಒಡೆಯಿತು. "ಮೊದಲ ಸಲ ಬಿದ್ದಾಗ ಕನ್ನಡಕ ಪುಡಿಯಾಯ್ತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಮತ್ತೆ ಯಾವತ್ತೂ ನಾಟಕಕ್ಕೆ ಬೀಳುವ ಮೊದಲು ಅದನ್ನು ತೆಗೆದು ಜೇಬಿಗೆ ಹಾಕ್ತಿದ್ರು. ಪ್ರತಿ ಸಲ! ನಿಮ್ಮ ಎದುರೇ ತೆಗೀತಿದ್ರಲ್ಲ? ಒಬ್ಬರಿಗೂ ಕಾಣ್ಲಿಲ್ವಾ? ಇಷ್ಟು ಜನರಲ್ಲಿ ಒಬ್ಬರಿಗೂ?"

ಕಂಡಿತ್ತು. ಎಲ್ಲರೂ ಎಷ್ಟೋ ಸಲ ಕಂಡದ್ದೇ. ಮಾತಿನ ನಡುವೆ ಕಾಕ ಕನ್ನಡಕ ತೆಗೆದರೆ ಮುಂದಿನ ಸಾಲಿನವರು ಇನ್ನು ಬೀಳ್ತಾರೆ ನೋಡಿ ಎಂದು ಪಕ್ಕದವರನ್ನು ತಿವಿಯುತ್ತಿದ್ದರು. ನಿನ್ನೆ ತೆಗೆಯಲಿಲ್ಲವೆಂಬುದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಟ್ಟಡದ ಬಾಗಿಲಲ್ಲಿ ಕೆಲಸದವನೊಬ್ಬ ಕಾಣಿಸಿಕೊಂಡು, "ಘರ್ ವಾಲೇ ಆಜಾವೊ, ಚೆಹರಾ ದೇಖ್ ಲೋ," ಎಂದು ಮನೆಯವರನ್ನು ಮುಖ ನೋಡಲು ಕರೆದ. ಸಕೀನ ಮಗಳ ಕೈ ಹಿಡಿದು ಒಳಗೆ ಹೋದಳು. ಒಳಗಿನಿಂದ ಮಿನ್ಹಾಳ ಅಳು ಕೇಳಿತು. ಸಂಘದವರು ಗೋಡೆಯ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು, ಹೆಚ್ಚುಕಡಿಮೆ ನಿನ್ನೆ ಹಾಲಿನಲ್ಲಿದ್ದವರೇ ಎಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಕೀನ ಬಾಗಿಲಿಗೆ ಬಂದು ಅವರನ್ನು ನೋಡಿದಳು.

"ಬನ್ನಿ," ಎಂದಳು.

"ನಾವು ನಮಾಝ್ ಆಗುವ ತನಕ ಹೊರಗೇ ಇರ್ತೇವೆ ಸಕೀನಕ್ಕ, ನೀವು ಮನೆಯವರು..." ಎಂದು ಶೀನಪ್ಪ ಹಿಂದೆ ಸರಿದ.

"ಬನ್ನಿ ಅಂದೆ. ನಿನ್ನೆ ಅಲ್ಲಿ ಇದ್ದವರೆಲ್ಲ ಬನ್ನಿ. ನಿನ್ನೆ ಯಾರೂ ಮುಟ್ಟಿ ನೋಡ್ಲಿಲ್ಲ. ಈಗ ನೋಡಿ. ಇವರು ಸತ್ತದ್ದು ಹೌದಾ ಅಂತ ಒಬ್ಬೊಬ್ಬರಾಗಿ ಕೈ ಇಟ್ಟು ನೋಡಿ ನನಗೆ ಹೇಳಿ."

ಬೇಡ ಎನ್ನುವ ಧೈರ್ಯ ಒಬ್ಬನಿಗೂ ಇರಲಿಲ್ಲ. ಚಪ್ಪಲಿ ಬಿಟ್ಟು ಸಾಲಾಗಿ ಒಳಗೆ ನಡೆದರು. ಬಿಳಿ ಬಟ್ಟೆಯ ನಡುವೆ ಅಲಿಯಬ್ಬನ ಮುಖವಷ್ಟೇ ಕಾಣುತ್ತಿತ್ತು. ಮೂಗಿನ ಎರಡು ಬದಿಯಲ್ಲಿ ಕನ್ನಡಕ ಕೂತು ಕೂತು ಬಿದ್ದ ಗುರುತು ಹಾಗೆಯೇ ಇತ್ತು. ರಂಜಿತ್ ಮೊದಲು ಬಗ್ಗಿದ. ದವಡೆಯ ಕೆಳಗೆ, ಬಟ್ಟೆಯ ಅಂಚಿನೊಳಗೆ, ಎರಡು ಬೆರಳು ಇಟ್ಟ. ತಣ್ಣಗಿತ್ತು.

"ಹೌದು ಸಕೀನಕ್ಕ," ಎಂದ.

ಅವಳು ತಲೆಯಾಡಿಸಿದಳು. ಎರಡನೆಯವನು ಬಗ್ಗಿದ, ಹೌದು ಎಂದ. ಆಮೇಲೆ ಮತ್ತೊಬ್ಬ. ಕೆಲಸದವನು ಏನೊಂದೂ ತಿಳಿಯದೆ ಮಿಕಿಮಿಕಿ ನೋಡುತ್ತ ನಿಂತಿದ್ದ. ಕೊನೆಗೆ ಉಳಿದವನು ಶೀನಪ್ಪ. ಬಗ್ಗಿದ, ಬೆರಳು ಇಟ್ಟ, ಕಣ್ಣು ಮುಚ್ಚಿದ. ಹೌದು ಎನ್ನಲಿಲ್ಲ. ಸಕೀನ ಕಾದಳು. ಹೊರಗೆ ಮಸೀದಿಯ ಬಾಂಗ್ ಶುರುವಾಯಿತು.

"ಯಲ್ಲಾ ಭಾಯ್, ನಮಾಝ್ ಕಾ ಟೈಮ್ ಹೋ ಗಯಾ," ಎಂದು ಕೆಲಸದವನು ಮುಖದ ಮೇಲೆ ಬಟ್ಟೆ ಎಳೆಯಲು ಬಂದ.

ಶೀನಪ್ಪ ಕೈ ತೆಗೆಯಲಿಲ್ಲ.

"ಸ್ವಲ್ಪ ಇರಿ," ಎಂದ. "ಇನ್ನೊಮ್ಮೆ ನೋಡ್ತೇನೆ."